[ಪದಚರ್ಚೆ] ಬ್ಲೇಡ್ ಸರ್ವರ್ ಫಲಕ: 'ರಿಡಂಡೆಂಟ್' ಪವರ್ ಸಪ್ಲೈಗೆ ಏನನ್ನೋಣ? (ತುರ್ತು)

ಗೆಳೆಯರೇ,

ಸರ್ವರ್ ಕೋಣೆಯ ಫಲಕ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಓದುವವರು ವೈರಿಂಗ್ ಮತ್ತು ಎಸಿ ಕೆಲಸದವರು. ಪೆಟ್ಟಿಗೆ ಎಚ್‌ಪಿಯ ಸಿ7000. 16 ಬ್ಲೇಡ್ (ಕಿಂಡಿಗೆ ತೂರಿಸುವ ತೆಳು ಸರ್ವರ್ ಕಂಪ್ಯೂಟರ್), 6 ಪವರ್ ಸಪ್ಲೈ. 3 ಎ ಲೈನಿಗೆ, 3 ಬಿ ಲೈನಿಗೆ. ಎ, ಬಿ ಅಂದರೆ ಬೇರೆ ಬೇರೆ ಕರೆಂಟ್ ಲೈನು. ಒಂದು ಲೈನು ಹೋದರೆ ಇನ್ನೊಂದರ ಮೂರೇ ಪೂರಾ ಲೋಡು ಹೊರಬೇಕು. ಈ ಏರ್ಪಾಟಿಗೇ ಇಂಗ್ಲಿಷಿನಲ್ಲಿ 'ರಿಡಂಡೆಂಟ್' ಅನ್ನುವುದು. ನಿಘಂಟು ನೋಡಿದ ಪುಣ್ಯಾತ್ಮರು ಕರಡಿನಲ್ಲಿ 'ಅನಗತ್ಯ ವಿದ್ಯುತ್ ಪೂರೈಕೆ' ಎಂದು ಬರೆದಿದ್ದಾರೆ. ಅನಗತ್ಯ ಅಂದರೆ ಯಾರಾದರೂ ಕಿತ್ತು ಪಕ್ಕಕ್ಕಿಡುತ್ತಾರೆ, ಅಲ್ವಾ?

ಇನ್ನೊಂದು, ಬ್ಲೇಡ್ ಇಲ್ಲದ ಕಿಂಡಿಗೆ ಹಾಕುವ ಬ್ಲಾಂಕ್. ಅದಿಲ್ಲದಿದ್ದರೆ ತಣ್ಣನೆ ಗಾಳಿ ಬ್ಲೇಡುಗಳೊಳಗೆ ಹೋಗದೆ ಆ ತೂತಿನಲ್ಲೇ ಸೋರಿಹೋಗುತ್ತದೆ. ಕರಡಿನಲ್ಲಿರುವುದು 'ಖಾಲಿಯನ್ನು ತೆಗೆಯಬೇಡಿ'!

-----
ಮೊದಲು 'ಬ್ಲೇಡ್' ಬಿಡಿ. 'ಅಲಗು' ನಮ್ಮದೇ ಪದ, ತಮಿಳಿನಲ್ಲೂ ಇದೆ. ರಿಡಂಡೆಂಟ್‌ಗೆ 'ಮಿಗುತೆ'. ಮುಗಿಯಿತು.

-----
ಅಲಗು ಕತ್ತಿಯದು. ಇಲ್ಲಿ ಕತ್ತರಿಸುವುದೇನಿದೆ? ಬ್ಲೇಡ್ ಎಂಬುದರ ಮೂಲ ಅರ್ಥ ಎಲೆ. ಜರ್ಮನ್ನಿನ 'ಬ್ಲಾಟ್' ಅದರ ನೆಂಟ, ಅಲ್ಲಿ ಇವತ್ತಿಗೂ ಅದು ಎಲೆಯೇ. ಸರ್ವರ್ ಅಂದರೆ ಬಡಿಸುವವನು. ಹಾಗಾಗಿ 'ಎಲೆಬಡಿಸುಗ'.

-----
ಎಲೆ ಹಾಕಿ ಬಡಿಸುವುದು ಮದುವೆ ಮನೆಯಲ್ಲಿ. ಕೇಳಿದ್ದು ಪವರ್ ಸಪ್ಲೈ ಬಗ್ಗೆ.

'ಸ್ಟೆಪ್ನಿ' ಅನ್ನಿ. ಲಾರಿ ಕ್ಲೀನರ್‌ಗೂ ಗೊತ್ತು. ವೇಲ್ಸಿನ ಲನೆಥ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಹುಟ್ಟಿದ ಚಕ್ರ ಅದು. ಅಲ್ಲಿಯವರು ಮರೆತರೂ ನಾವು ಉಳಿಸಿಕೊಂಡಿದ್ದೇವೆ. ಇದಕ್ಕಿಂತ ಕನ್ನಡ ಬೇಕಾ?

-----
> ಇದಕ್ಕಿಂತ ಕನ್ನಡ ಬೇಕಾ?

ಬೇಕು. ಹೀಗೇ ಬಿಟ್ಟರೆ ನಾಳೆ ಕ್ರಿಯಾಪದ ಮಾತ್ರ ನಮ್ಮದು.

-----
ಅರ್ಜಿ ಅರಬ್ಬಿಯದು, ಚಾವಿ ಪೋರ್ಚುಗೀಸರದು. ಮನೆ ಬೀಗ ಹೇಗೆ ತೆಗೆಯುತ್ತೀರಿ ಸ್ವಾಮಿ?

-----
ಬೀಗದಕೈಯಿಂದ.

-----
ಎಸಿ ಕೆಲಸದವನು ನಾನು, ಒಂದು ಮಾತು. ಸ್ಟೆಪ್ನಿ ಡಿಕ್ಕಿಯಲ್ಲಿ ಸುಮ್ನೆ ಬಿದ್ದಿರುತ್ತೆ. ಇಲ್ಲಿ ಸಾಮಾನ್ಯವಾಗಿ ಆರೂ ಸಪ್ಲೈ ಲೋಡು ಹಂಚಿಕೊಂಡು ಓಡುತ್ತಿರುತ್ತವೆ. ಹಾಗಾಗಿ ಆ ಪದ ತಪ್ಪು. ಹೆಸರೇ ಬೇಡ, ಏನು ಮಾಡಬಾರದು ಅಂತ ಬರೆಯಿರಿ. ಬ್ಲಾಂಕಿಗೆ 'ಮುಚ್ಚಳ' ಸಾಕು.

ಫಲಕದಲ್ಲಿ 'ತಂಪು: 2 ಟನ್' ಅಂತ ಬರುವುದಿದ್ದರೆ ಹುಷಾರು. ನಮ್ಮ ಟನ್ನು ತೂಕವಲ್ಲ. ಅಮೆರಿಕದ ಲೆಕ್ಕದ ಒಂದು ಟನ್ ಐಸು 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖ, ಸುಮಾರು 3.5 ಕಿಲೋವ್ಯಾಟ್. ಅದರ ಪಕ್ಕದಲ್ಲೇ ತೂಕದ ಸಾಲು ಹಾಕಿದರೆ ಪೆಟ್ಟಿಗೆಯೇ 2 ಟನ್ ಅಂದುಕೊಳ್ಳುತ್ತಾರೆ. ತುಂಬಿದ ಸಿ7000 ಇನ್ನೂರು ಕಿಲೋ ದಾಟುತ್ತೆ, ಅಷ್ಟೇ. ಅದೂ ಜಾಸ್ತಿನೇ. ಬ್ಲೇಡು, ಸಪ್ಲೈ ಎಲ್ಲ ಕಳಚಿ ಆಮೇಲೆ ಎತ್ತಲಿ.

-----
ಕಿಲೋವ್ಯಾಟ್ ಎಂದೇ ಹಾಕುತ್ತೇನೆ. ಪ್ರಿಂಟಿಗೆ ಹೋಗುತ್ತಿರುವುದು ಇದು:

'ಆರೂ ಪವರ್ ಸಪ್ಲೈ ಇರಲೇಬೇಕು. ಒಂದನ್ನೂ ಕೀಳಬೇಡಿ. 3 ಎ ಲೈನಿಗೆ, 3 ಬಿ ಲೈನಿಗೆ. ಎಲ್ಲವನ್ನೂ ಒಂದೇ ಲೈನಿಗೆ ಸಿಕ್ಕಿಸಬೇಡಿ. ಬ್ಲೇಡ್ ಇಲ್ಲದ ಕಿಂಡಿಗೆ ಮುಚ್ಚಳ ಹಾಕಿ.'

-----
'ಅಲಗಿಲ್ಲದ ಕಿಂಡಿ' ಎಷ್ಟು ಚೆನ್ನಾಗಿತ್ತು. ನಿಮ್ಮಿಷ್ಟ.