ಸ್ಟುಡಿಯೋ ಕೆಲಸಕ್ಕೆ ಅಸೆಂಬಲ್ಡ್ ಸಿಸ್ಟಮ್ಮಾ, ಬ್ರ್ಯಾಂಡೆಡ್ಡಾ?

ಪ್ರಶ್ನೆ (ಫೋಟೋ ಸ್ಟುಡಿಯೋ, ಹಾಸನ):
ನಮಸ್ಕಾರ. ಮದುವೆ ವಿಡಿಯೋ ಎಡಿಟಿಂಗ್‌ಗೆ, ಆಲ್ಬಮ್ ಡಿಸೈನ್‌ಗೆ ಹೊಸ ಸಿಸ್ಟಮ್ ತಗೋಬೇಕು. ಸೋನಿ ಮಿರರ್‌ಲೆಸ್ ಕ್ಯಾಮೆರಾ ಎರಡಿವೆ, 4ಕೆ 10 ಬಿಟ್ 4:2:2, ಎಚ್.265ರಲ್ಲಿ ಶೂಟ್ ಮಾಡ್ತೇವೆ. ಪ್ರೀಮಿಯರ್, ಫೋಟೋಶಾಪ್ ಬಳಸೋದು. ಮಾನಿಟರ್ ಇದೆ. ಕೈಯಲ್ಲಿ ಎರಡು ಕೊಟೇಶನ್ ಇವೆ.

ಅಂಗಡಿಯವರು ಅಸೆಂಬಲ್ ಮಾಡಿ ಕೊಡೋದು: ಐ5-14400ಎಫ್, ಎಚ್610 ಬೋರ್ಡ್, 16 ಜಿಬಿ ರ‍್ಯಾಮ್ ಒಂದೇ ಸ್ಟಿಕ್, 500 ಜಿಬಿ ಎಸ್‌ಎಸ್‌ಡಿ, ಆರ್‌ಟಿಎಕ್ಸ್ 3050 6 ಜಿಬಿ, 'ಕ್ಯಾಬಿನೆಟ್ ವಿತ್ 450 ವ್ಯಾಟ್ ಎಸ್‌ಎಂಪಿಎಸ್'.

ಬ್ರ್ಯಾಂಡೆಡ್ ಟವರ್: ಐ5-14400, 16 ಜಿಬಿ, 512 ಜಿಬಿ ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಇಲ್ಲ, 3 ವರ್ಷ ಆನ್‌ಸೈಟ್ ವಾರಂಟಿ.

ಬೆಲೆ ಹೆಚ್ಚುಕಮ್ಮಿ ಒಂದೇ. ಯಾವುದು ತಗೊಳ್ಳಲಿ?

ಉತ್ತರ (ಹಾರ್ಡ್‌ವೇರ್ ಎಂಜಿನಿಯರ್, ಬೆಂಗಳೂರು):
ಸರ್, ಎರಡನ್ನೂ ಇರುವ ಹಾಗೇ ತಗೊಳ್ಳಬೇಡಿ. ಇವೆರಡರಲ್ಲೇ ಒಂದು ಆರಿಸಲೇಬೇಕು ಅಂದರೆ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಆ ಬ್ರ್ಯಾಂಡೆಡ್ ಟವರೇ ನಿಮ್ಮ ಫೂಟೇಜನ್ನು ಸರಾಗವಾಗಿ ಓಡಿಸುತ್ತದೆ. ಕಾರಣ ಒಂದೇ ಒಂದು ಅಕ್ಷರ: ಎಫ್.

ಇಂಟೆಲ್ ಪ್ರೊಸೆಸರ್ ನಂಬರಿನ ಕೊನೆಗೆ ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಎಂದರ್ಥ. ಕಾರ್ಡ್ ಹೇಗೂ ಇದೆಯಲ್ಲ, ಒಂದೆರಡು ಸಾವಿರ ಉಳೀತು ಎಂದು ಅಂಗಡಿಯವರು ಹಾಕುತ್ತಾರೆ. ಆಟ ಆಡುವವರಿಗೆ ಅದು ಸರಿ. ನಿಮಗೆ ಸರಿಯಲ್ಲ. ಕ್ವಿಕ್ ಸಿಂಕ್ ಎನ್ನುವ ವಿಡಿಯೋ ಎಂಜಿನ್ ಇರುವುದೇ ಆ ಒಳಗಿನ ಗ್ರಾಫಿಕ್ಸ್‌ನಲ್ಲಿ, ಮತ್ತು 10 ಬಿಟ್ 4:2:2 ಎಚ್.265 ಫೈಲನ್ನು (ಬಣ್ಣದ ವಿವರ ಹೆಚ್ಚಿರುವ, ಬಹಳ ಒತ್ತಿ ಚಿಕ್ಕದು ಮಾಡಿದ ವಿಡಿಯೋ) ಅದು ತಾನೇ ಡಿಕೋಡ್ ಮಾಡುತ್ತದೆ, ಅಂದರೆ ಬಿಡಿಸಿ ತೋರಿಸುತ್ತದೆ. ಎನ್ವಿಡಿಯಾ ಕಾರ್ಡ್‌ಗಳಿಗೆ 4:2:2 ಡಿಕೋಡಿಂಗ್ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. 3050ಕ್ಕೂ ಇಲ್ಲ, 4060ಕ್ಕೂ ಇಲ್ಲ.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ನಿಮ್ಮದೇ ಕ್ಲಿಪ್ ಪೆನ್‌ಡ್ರೈವ್‌ನಲ್ಲಿ ತಗೊಂಡು ಹೋಗಿ. ಎರಡೂ ಕ್ಯಾಮೆರಾದ ಮಾಂಗಲ್ಯಧಾರಣೆ ಶಾಟ್‌ಗಳನ್ನು ಟೈಮ್‌ಲೈನ್ ಮೇಲೆ ಒಂದರ ಮೇಲೊಂದು ಇಟ್ಟು ಪ್ಲೇ ಮಾಡಿ, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಡಿ. ಜಿಪಿಯು (ಗ್ರಾಫಿಕ್ಸ್ ಚಿಪ್) ಪುಟದಲ್ಲಿ 'ವಿಡಿಯೋ ಡಿಕೋಡ್' ಗೆರೆ ನೆಲಕ್ಕಂಟಿ, ಸಿಪಿಯು ಗೆರೆ ನೂರಕ್ಕೆ ಹೋಗಿ ನಿಂತರೆ ಎಲ್ಲ ಭಾರ ಪ್ರೊಸೆಸರ್ ಕೋರ್‌ಗಳ ಮೇಲೆ ಬಿದ್ದಿದೆ ಅಂತ. ಆಗ ಪ್ಲೇ ತಡವರಿಸುತ್ತದೆ, ವಾದ್ಯದ ತಾಳಕ್ಕೆ ಕಟ್ ಹಾಕೋಕೆ ಆಗಲ್ಲ.

ಎರಡನೆಯದು ಎಸ್‌ಎಂಪಿಎಸ್, ಅಂದರೆ ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಡಬ್ಬಿ. ಕ್ಯಾಬಿನೆಟ್ ಜೊತೆ ಬರುವ ಹೆಸರಿಲ್ಲದ 450 ವ್ಯಾಟ್ ಡಬ್ಬಿಯ ಪಕ್ಕದ ಲೇಬಲ್ ಓದಿ. +12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಬರೆದಿದೆ ನೋಡಿ 12ರಿಂದ ಗುಣಿಸಿ. 18 ಆಂಪಿಯರ್ ಇದ್ದರೆ 216 ವ್ಯಾಟ್ ಆಯಿತು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಆ ಸಾಲಿನಿಂದಲೇ. 14400 ಪೂರ್ತಿ ಓಡುವಾಗ 148 ವ್ಯಾಟ್‌ವರೆಗೆ ಎಳೆಯುತ್ತದೆ, ಮುಂದೆ ಆರ್‌ಟಿಎಕ್ಸ್ 5060 ಹಾಕಿದರೆ ಅದರದ್ದು 145. ಬೋರ್ಡು, ಡಿಸ್ಕು, ಫ್ಯಾನು ಸೇರಿಸಿದರೆ 350ರ ಹತ್ತಿರ. ರಾತ್ರಿಯಿಡೀ ಎಕ್ಸ್‌ಪೋರ್ಟ್‌ಗೆ ಬಿಟ್ಟು ಹೋದ ಸಿಸ್ಟಮ್ ಬೆಳಗ್ಗೆ ರೀಸ್ಟಾರ್ಟ್ ಆಗಿ ಕೂತಿರುವುದು ಬಹಳ ಸಲ ಇದೇ ಕಾರಣಕ್ಕೆ. ಜನ ಮಾತ್ರ ವಿಂಡೋಸ್‌ನ ಬೈಯುತ್ತಾರೆ. 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲು ಮಾಡುವುದಕ್ಕೆ ಕೊಡುವ ದರ್ಜೆ), 550 ವ್ಯಾಟ್, 5 ವರ್ಷ ವಾರಂಟಿ ಇರುವ ಎಸ್‌ಎಂಪಿಎಸ್ ಬೇರೆಯಾಗಿ ಬರೆಸಿ. ಈ ಒಂದು ಸಾಲಿನಲ್ಲಿ ಹಣ ಉಳಿಸಬೇಡಿ, ಕೆಟ್ಟ ಎಸ್‌ಎಂಪಿಎಸ್ ಹೋಗುವಾಗ ಬೋರ್ಡನ್ನೂ ಕರೆದುಕೊಂಡು ಹೋಗಬಹುದು.

ಇನ್ನು ಬ್ರ್ಯಾಂಡೆಡ್ ಟವರ್. ಅದರ ನಿಜವಾದ ತೊಡಕು ಮುಂದೆ ಕಾರ್ಡ್ ಹಾಕುವ ದಿನ ಗೊತ್ತಾಗುತ್ತದೆ. ಇಂಥ ಹಲವು ಟವರ್‌ಗಳಲ್ಲಿ ಎಸ್‌ಎಂಪಿಎಸ್ 200 ವ್ಯಾಟ್ ಆಸುಪಾಸಿನದು, ಬೋರ್ಡಿನ ಕನೆಕ್ಟರ್ ಕಂಪನಿಯದ್ದೇ ಬೇರೆ ಆಕಾರದ್ದು, ಹೊರಗಿನ 24 ಪಿನ್ ಎಸ್‌ಎಂಪಿಎಸ್ ಕೂರಲ್ಲ. ಕ್ಯಾಬಿನೆಟ್ಟೂ ಕಿರಿದು. ಹಾಗಾಗಿ ಎಸ್‌ಎಂಪಿಎಸ್‌ನಿಂದ ಬೇರೆ ಪಿಸಿಐಇ ಕೇಬಲ್ ಕೇಳದ, 70 ವ್ಯಾಟ್‌ನ 3050 6 ಜಿಬಿಯಂಥ ಕಾರ್ಡಿಗೇ ನಿಲ್ಲಬೇಕಾಗುತ್ತದೆ. ಅದಕ್ಕೂ ಮುಂಚೆ ಆ ಮಾಡೆಲ್‌ನ ಎಸ್‌ಎಂಪಿಎಸ್ ಎಷ್ಟು ಎಂದು ಕೇಳಿ ನೋಡಬೇಕು.

ಒಂದು ಮಾತು ಬ್ರ್ಯಾಂಡೆಡ್ ಪರವಾಗಿ. ಅದರಲ್ಲಿ ಸಾಮಾನ್ಯವಾಗಿ ಒರಿಜಿನಲ್ ವಿಂಡೋಸ್ ಸೇರಿರುತ್ತದೆ. ಅಂಗಡಿಯ ಕೊಟೇಶನ್‌ನಲ್ಲಿ ವಿಂಡೋಸ್ ಸಾಲೇ ಇಲ್ಲ, ಅಂದರೆ ಕ್ರ್ಯಾಕ್ ಮಾಡಿದ್ದು ಹಾಕಿ ಕೊಡುವ ಸಂಭವ ಹೆಚ್ಚು. ಗಿರಾಕಿಗಳ ಫೋಟೋ ಇಟ್ಟುಕೊಳ್ಳುವ ಯಂತ್ರಕ್ಕೆ ಅದು ಬೇಡವೇ ಬೇಡ. ಲೈಸೆನ್ಸ್ ಬೆಲೆ ಸೇರಿಸಿ ಆಮೇಲೆ ಎರಡನ್ನೂ ಹೋಲಿಸಿ.

ನಿಮ್ಮ ಕೆಲಸಕ್ಕೆ ನನ್ನ ತೀರ್ಮಾನ ಅಸೆಂಬಲ್ಡ್, ಆದರೆ ಕೊಟೇಶನ್ ಹೀಗೆ ತಿದ್ದಿಸಿ. ಪ್ರೊಸೆಸರ್ 14400, ಎಫ್ ಇಲ್ಲದ್ದು. 14500 ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಗ್ರಾಫಿಕ್ಸ್‌ನಲ್ಲಿ ವಿಡಿಯೋ ಎಂಜಿನ್ ಎರಡಿವೆ. ಬೋರ್ಡ್ ಬಿ760, ನಾಲ್ಕು ರ‍್ಯಾಮ್ ಸ್ಲಾಟ್, ಎರಡು ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರುವ ಜಾಗ) ಇರುವಂಥದ್ದು. ರ‍್ಯಾಮ್ 16 ಜಿಬಿಯ ಎರಡು ಸ್ಟಿಕ್. ಒಂದೇ ಸ್ಟಿಕ್ ಹಾಕಿದರೆ ಮೆಮೊರಿ ದಾರಿ ಅರ್ಧಕ್ಕೆ ಇಳಿಯುತ್ತದೆ, ಒಳಗಿನ ಗ್ರಾಫಿಕ್ಸ್ ಬದುಕುವುದೂ ಅದೇ ದಾರಿಯ ಮೇಲೆ. 2025ರ ಕೊನೆಯಿಂದ ರ‍್ಯಾಮ್ ರೇಟು ಬಹಳ ಏರಿದೆ, ಹಳೇ ಕೊಟೇಶನ್ ನಂಬಬೇಡಿ, ಕೊಳ್ಳುವ ದಿನದ ರೇಟ್ ಕೇಳಿ. ಹಳೆಯ ಸಿಸ್ಟಮ್‌ನಲ್ಲಿ ಒಳ್ಳೆಯ ಡಿಡಿಆರ್4 (ಹಿಂದಿನ ತಲೆಮಾರಿನ ರ‍್ಯಾಮ್) ಸ್ಟಿಕ್‌ಗಳಿದ್ದರೆ ಡಿಡಿಆರ್4 ತಗೊಳ್ಳುವ ಬಿ760 ಬೋರ್ಡ್ ಹುಡುಕಿ, ಅವನ್ನೇ ಬಳಸಬಹುದು.

ಡಿಸ್ಕ್ ಲೆಕ್ಕ ನೀವೇ ಹಾಕಿ. 100 ಎಂಬಿಪಿಎಸ್‌ನಲ್ಲಿ ಶೂಟ್ ಮಾಡಿದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ತಲಾ ನಾಲ್ಕು ಗಂಟೆ ಅಂದರೆ ಒಂದೇ ಮದುವೆಗೆ 360 ಜಿಬಿ. 500ರ ಎಸ್‌ಎಸ್‌ಡಿ ವಿಂಡೋಸ್‌ಗೆ ಇರಲಿ, ಕೆಲಸಕ್ಕೆ 2 ಟಿಬಿಯ ಇನ್ನೊಂದು ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ), ಮುಗಿದ ಕೆಲಸಕ್ಕೆ ಹಾರ್ಡ್‌ಡಿಸ್ಕ್.

ಬಜೆಟ್ ಮೀರಿದರೆ ಕೈಬಿಡಬೇಕಾದ್ದು ಗ್ರಾಫಿಕ್ಸ್ ಕಾರ್ಡ್. ಕಟ್ಟಿಂಗ್, ಜೋಡಣೆ ಕ್ವಿಕ್ ಸಿಂಕ್‌ನಲ್ಲೇ ನಡೆಯುತ್ತದೆ. ಕಲರ್, ಎಫೆಕ್ಟ್ ಜಾಸ್ತಿ ಹೇರಿದಾಗ ನಿಧಾನ ಆಗುತ್ತದೆ ಅಷ್ಟೆ. ಆರು ತಿಂಗಳ ನಂತರ 5060 ಹಾಕಿಕೊಳ್ಳಿ. ಹಾಕಿದ ದಿನ ಬಯಾಸ್‌ಗೆ (ಬೋರ್ಡಿನ ಸ್ವಂತ ಸೆಟ್ಟಿಂಗ್ ಪುಟ) ಹೋಗಿ 'ಐಜಿಪಿಯು ಮಲ್ಟಿ ಮಾನಿಟರ್' ಎನ್ನುವುದನ್ನು ಎನೇಬಲ್ ಮಾಡಿ. ಇಲ್ಲದಿದ್ದರೆ ಕಾರ್ಡ್ ಕಂಡ ತಕ್ಷಣ ಹಲವು ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸ್ ಆಫ್ ಮಾಡಿಬಿಡುತ್ತವೆ.

ಪ್ರಶ್ನೆ (ಅದೇ ಸ್ಟುಡಿಯೋ):
ಬಹಳ ಉಪಕಾರ ಆಯ್ತು ಸರ್. ಎರಡು ಭಯ ಇದೆ. 13, 14ನೇ ಜನರೇಷನ್ ಕೆಡ್ತವೆ ಅಂತ ಕೇಳಿದೀನಿ. ಮತ್ತೆ, ಸೀಸನ್‌ನಲ್ಲಿ ಕೆಟ್ಟರೆ ಅಸೆಂಬಲ್ಡ್‌ಗೆ ಯಾರು ಬರ್ತಾರೆ?

ಉತ್ತರ (ಹಾರ್ಡ್‌ವೇರ್ ಎಂಜಿನಿಯರ್):
ಕೆಟ್ಟಿದ್ದು ನಿಜ, 2024ರಲ್ಲಿ ಇಂಟೆಲ್ ಒಪ್ಪಿಕೊಂಡಿತು. ವೋಲ್ಟೇಜ್ ಜಾಸ್ತಿ ಹೋಗಿ ಚಿಪ್ ಸವೆಯುವ ತೊಂದರೆ. ಇಂಟೆಲ್ ವಾರಂಟಿಯನ್ನು 3ರಿಂದ 5 ವರ್ಷಕ್ಕೆ ಹೆಚ್ಚಿಸಿದ ಪಟ್ಟಿಯಲ್ಲಿರುವುದು ಐ9, ಐ7 ಮತ್ತು 13600ಕೆ, 14600ಕೆ ಥರದವು. 14400 ಅದರಲ್ಲಿಲ್ಲ. ಆದರೂ ಹೊಸ ಬಯಾಸ್ ಹಾಕಿಸಿಯೇ ಸಿಸ್ಟಮ್ ಮನೆಗೆ ತನ್ನಿ.

ಎರಡನೇ ಭಯ ಸರಿಯಾದದ್ದೇ. ಆನ್‌ಸೈಟ್‌ನಲ್ಲಿ ಒಂದು ಫೋನಿಗೆ ಕಂಪನಿಯವರೇ ಬರುತ್ತಾರೆ. ಅಸೆಂಬಲ್ಡ್‌ನಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ಸರ್ವಿಸ್ ಸೆಂಟರ್, ಬಹುತೇಕ ಬೆಂಗಳೂರಿನಲ್ಲಿ; ಭಾಗ ಹೋಗಿ ಬರುವ ತನಕ ಕಾಯಬೇಕು. ಎಫ್ ಬೇಡ ಅಂದದ್ದಕ್ಕೆ ಇದು ಇನ್ನೊಂದು ಕಾರಣ: ಕಾರ್ಡ್ ಸರ್ವಿಸ್‌ಗೆ ಹೋದರೂ ಕೇಬಲ್ ಬೋರ್ಡಿಗೆ ಚುಚ್ಚಿ ಕೆಲಸ ನಡೆಸಬಹುದು.

ಬಿಲ್‌ನಲ್ಲಿ 'ಕಂಪ್ಯೂಟರ್ ಒಂದು ಸೆಟ್' ಎಂದು ಬರೆಸಬೇಡಿ. ಪ್ರತಿ ಭಾಗದ ಮಾಡೆಲ್, ಸೀರಿಯಲ್ ನಂಬರ್ ಸಮೇತ ಜಿಎಸ್‌ಟಿ ಬಿಲ್ ಬೇಕು. ಡಬ್ಬಿಗಳನ್ನೆಲ್ಲ ಕೇಳಿ ತಗೊಳ್ಳಿ. ಪ್ರೊಸೆಸರ್ ಬಾಕ್ಸ್ ಇಲ್ಲದೆ ಟ್ರೇಯಲ್ಲಿ ಬಂದದ್ದಾದರೆ ಇಂಟೆಲ್ ಕಡೆಯಿಂದ ನಿಮಗೆ ನೇರ ವಾರಂಟಿ ಇರಲ್ಲ, ಅಂಗಡಿಯವರ ಬಾಯಿಮಾತೇ ಗತಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸ್ವಲ್ಪ ಕಡಿಮೆಗೆ ಸಿಗಬಹುದು, ಆದರೆ ಹಾಸನದ ಅಂಗಡಿಯವರು ಭಾಗ ಕಳಿಸಿ ತರಿಸುವ ಜವಾಬ್ದಾರಿ ಹೊರುತ್ತಾರಾದರೆ ಆ ವ್ಯತ್ಯಾಸ ಅವರಿಗೆ ಕೊಡುವುದು ಲೇಸು.

ಸೇರ್ಪಡೆ (ಎಲೆಕ್ಟ್ರಿಕಲ್ ಕಂಟ್ರಾಕ್ಟರ್):
ಸರ್, ಯಾವುದೇ ಸಿಸ್ಟಮ್ ತಗೊಳ್ಳಿ, ಮೊದಲು ಸ್ಟುಡಿಯೋದ ಅರ್ಥಿಂಗ್ ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತಿದ್ದರೆ ಸಾಮಾನ್ಯವಾಗಿ ಕೆಟ್ಟಿರುವುದು ಸಿಸ್ಟಮ್ ಅಲ್ಲ, ಅರ್ಥ್ ಕೂಡಿಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪ್ಯಾಸಿಟರ್‌ಗಳು ಅರ್ಥ್ ಇಲ್ಲದಾಗ ಬಾಡಿಯನ್ನು ಸುಮಾರು ಅರ್ಧ ವೋಲ್ಟೇಜಿಗೆ, 115ರ ಹತ್ತಿರಕ್ಕೆ, ಎತ್ತಿಬಿಡುತ್ತವೆ. ಮಲ್ಟಿಮೀಟರ್‌ನಲ್ಲಿ ಫೇಸ್–ಅರ್ಥ್ ಅಳತೆ ಫೇಸ್–ನ್ಯೂಟ್ರಲ್ ಅಳತೆಯಷ್ಟೇ ಬರಬೇಕು, ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟ್ ಒಳಗಿರಬೇಕು. ಟೆಸ್ಟರ್ ದೀಪ ನೋಡಿ ತೀರ್ಮಾನ ಮಾಡಬೇಡಿ.

600 ವಿಎ ಯುಪಿಎಸ್ ಅಂದರೆ ಕೈಗೆ ಸಿಗೋದು ಸುಮಾರು 360 ವ್ಯಾಟ್. 5060 ಹಾಕುವವರು 1000 ವಿಎಗೆ ಹೋಗಿ. ಮನೆಯ ಇನ್ವರ್ಟರ್ ಮೇಲೇ ಓಡಿಸುವುದಾದರೆ ಅದರ ಹಿಂದಿನ ಸ್ವಿಚ್ 'ಯುಪಿಎಸ್' ಕಡೆಗಿರಲಿ. ಒಳ್ಳೆಯ ಎಸ್‌ಎಂಪಿಎಸ್ ಕೂಡ ಕರೆಂಟ್ ಇಲ್ಲದೆ ತಡೆಯುವುದು ಸುಮಾರು 16 ಮಿಲಿಸೆಕೆಂಡ್, ಮಾಮೂಲಿ ಮೋಡ್‌ನಲ್ಲಿ ಇನ್ವರ್ಟರ್ ಬದಲಾಗುವಷ್ಟರಲ್ಲಿ ಸಿಸ್ಟಮ್ ಆಫ್ ಆಗಿರುತ್ತದೆ.

ಪ್ರಶ್ನೆ (ಟ್ಯಾಕ್ಸ್ ಕನ್ಸಲ್ಟೆಂಟ್, ತುಮಕೂರು):
ನಮ್ಮ ಆಫೀಸಿಗೆ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್ ಕೆಲಸಕ್ಕೆ ಐದು ಸಿಸ್ಟಮ್ ಬೇಕು. ನಾವೂ ಅಸೆಂಬಲ್ ಮಾಡಿಸೋದಾ?

ಉತ್ತರ (ಹಾರ್ಡ್‌ವೇರ್ ಎಂಜಿನಿಯರ್):
ಬೇಡ ಮೇಡಂ. ಐದೂ ಒಂದೇ ಮಾಡೆಲ್‌ನ ಬ್ರ್ಯಾಂಡೆಡ್ ತಗೊಳ್ಳಿ. ಐ3, 16 ಜಿಬಿ, 512 ಎಸ್‌ಎಸ್‌ಡಿ ಸಾಕು. ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲದ ಕಡೆ ಅಸೆಂಬಲ್ಡ್‌ನ ಲಾಭವೇ ಉಳಿಯಲ್ಲ, ರಿಟರ್ನ್ ಫೈಲ್ ಮಾಡುವ 20ನೇ ತಾರೀಕು ಆನ್‌ಸೈಟ್ ವಾರಂಟಿಯೇ ಕಾಯೋದು. ಆಫೀಸಿನ ಜಿಎಸ್‌ಟಿ ನಂಬರ್ ಬಿಲ್‌ನಲ್ಲಿರಲಿ, 18% ಇನ್‌ಪುಟ್ ತಗೊಳ್ಳಬಹುದು. ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಆಫೀಸ್ ಸಿಸ್ಟಮ್‌ಗೆ ಬರುವ ಯೋಚನೆ ಇದ್ದರೆ ವಿಂಡೋಸ್ 11 ಪ್ರೊ ಕೇಳಿ. ಹೋಮ್‌ನಲ್ಲಿ ಅದು ಸಿಗಲ್ಲ.

ಪ್ರಶ್ನೆ (ಬಿಇ ವಿದ್ಯಾರ್ಥಿ, ಶಿವಮೊಗ್ಗ):
ಅಣ್ಣ, ರೈಜನ್ 5 7600, ಬಿ650 ಬೋರ್ಡ್ ತಗೊಂಡು ನಾನೇ ಜೋಡಿಸಬೇಕು ಅಂತಿದೀನಿ. ಮೊದಲ ಸಲ. ಎಲ್ಲಿ ಎಡವಟ್ಟಾಗುತ್ತೆ?

ಉತ್ತರ (ಹಾರ್ಡ್‌ವೇರ್ ಎಂಜಿನಿಯರ್):
ಧೈರ್ಯವಾಗಿ ಮಾಡಪ್ಪ, ಆದರೆ ನೇರ ಕ್ಯಾಬಿನೆಟ್‌ಗೆ ತಿರುಪು ಹಾಕಬೇಡ. ಮದರ್‌ಬೋರ್ಡ್‌ನ ರಟ್ಟಿನ ಡಬ್ಬಿ ಮೇಲೇ ಬೋರ್ಡ್ ಇಟ್ಟು ಪ್ರೊಸೆಸರ್, ಕೂಲರ್, ರ‍್ಯಾಮ್, ಎಸ್‌ಎಂಪಿಎಸ್ ಇಷ್ಟೇ ಹಾಕಿ ಒಮ್ಮೆ ಡಿಸ್‌ಪ್ಲೇ ಬರಿಸು. 7600ರಲ್ಲಿ ಒಳಗಿನ ಗ್ರಾಫಿಕ್ಸ್ ಇದೆ, ಎಚ್‌ಡಿಎಂಐ ಬೋರ್ಡಿಗೇ ಚುಚ್ಚಬಹುದು.

ಎಎಂ5ರಲ್ಲಿ (ನಿನ್ನ 7600 ಕೂರುವ ಸಾಕೆಟ್) ಪಿನ್ ಇರೋದು ಬೋರ್ಡಿನ ಸಾಕೆಟ್‌ನಲ್ಲಿ, ಕೂದಲೆಳೆಯಷ್ಟು ಸಣ್ಣವು. ಪ್ರೊಸೆಸರ್ ಮೂಲೆಯ ತ್ರಿಕೋನ ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಅದರ ಪಾಡಿಗೆ ಬಿಡು, ಒತ್ತಬೇಡ. ಪಿನ್ ಬಾಗಿದರೆ ವಾರಂಟಿ ಹೋಯ್ತು. ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಜೋಪಾನವಾಗಿ ಎತ್ತಿಡು, ಬೋರ್ಡ್ ಸರ್ವಿಸ್‌ಗೆ ಕಳಿಸುವಾಗ ಸಾಕೆಟ್ ಮೇಲೆ ಅದೇ ಬೇಕು.

ರ‍್ಯಾಮ್ ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ, ನಾಲ್ಕನೇ ಸ್ಲಾಟ್. ಟಕ್ ಅಂತ ಸದ್ದು ಬರುವ ತನಕ ಒತ್ತು. ಕೂಲರ್ ತಳದಲ್ಲಿ ಶಾಖ ದಾಟಿಸುವ ಪೇಸ್ಟ್ ಮೊದಲೇ ಹಚ್ಚಿರದಿದ್ದರೆ ಬಟಾಣಿ ಕಾಳಿನಷ್ಟು ಸಾಕು. ಬೇರೆ ಕೂಲರ್ ತಂದಿದ್ದರೆ ತಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿರಬಹುದು, ಅದನ್ನು ಕಿತ್ತೇ ಕೂರಿಸು. ಎಂಟು ಪಿನ್ ಕೇಬಲ್ ಎರಡು ಥರ ಇರುತ್ತೆ: 4+4 ಆಗಿ ಬಿಡಿಸಿಕೊಳ್ಳೋದು ಪ್ರೊಸೆಸರ್‌ಗೆ, 6+2 ಆಗೋದು ಗ್ರಾಫಿಕ್ಸ್ ಕಾರ್ಡಿಗೆ. ಅದಲುಬದಲು ಬಲವಂತ ಮಾಡಬೇಡ.

ಸ್ವಿಚ್ ಹಾಕಿದ ಮೇಲೆ ಫ್ಯಾನ್ ತಿರುಗುತ್ತೆ, ಪರದೆ ಕಪ್ಪಗೇ ಇರುತ್ತೆ. ಇಲ್ಲೇ ಹೆಚ್ಚಿನವರು ಗಾಬರಿಯಾಗಿ ಆಫ್ ಮಾಡಿ ಆನ್ ಮಾಡ್ತಾರೆ. ಡಿಡಿಆರ್5 ಮೊದಲ ಸಲ ಮೆಮೊರಿ ಟ್ರೈನಿಂಗ್ (ಬೋರ್ಡ್ ಜೊತೆ ಹೊಂದಿಕೊಳ್ಳುವ ಪರೀಕ್ಷೆ) ಮಾಡಿಕೊಳ್ಳುತ್ತೆ, ಕೆಲವು ನಿಮಿಷ ಬೇಕು. ಹತ್ತು ನಿಮಿಷ ಮುಟ್ಟದೆ ಕೂತ್ಕೋ. ಆಮೇಲೂ ಬರದಿದ್ದರೆ ಬೋರ್ಡ್ ಅಂಚಿನ ನಾಲ್ಕು ಪುಟ್ಟ ದೀಪಗಳಲ್ಲಿ ಯಾವುದು ಉರೀತಿದೆ ನೋಡು. ಡಿರ‍್ಯಾಮ್ ದೀಪ ಆದರೆ ಒಂದು ಸ್ಟಿಕ್ ತೆಗೆದು ಇನ್ನೊಂದನ್ನು ಮಾತ್ರ ಎರಡನೇ ಸ್ಲಾಟ್‌ನಲ್ಲಿಟ್ಟು ನೋಡು.

ಕ್ಯಾಬಿನೆಟ್‌ಗೆ ಕೂರಿಸುವಾಗ ಬೋರ್ಡಿನ ತೂತು ಇಲ್ಲದ ಕಡೆ ಹಿತ್ತಾಳೆ ಸ್ಟ್ಯಾಂಡ್ಆಫ್ (ತಿರುಪು ಕೂರುವ ಪುಟ್ಟ ಕಂಬ) ಉಳಿದಿದ್ದರೆ ಬಿಚ್ಚು, ಅದು ಹಿಂದಿನಿಂದ ಬೋರ್ಡ್ ಶಾರ್ಟ್ ಮಾಡುತ್ತೆ. ಕೊನೆಗೆ ಬಯಾಸ್‌ನಲ್ಲಿ ಎಕ್ಸ್‌ಪೋ (ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡು, ಇಲ್ಲದಿದ್ದರೆ 6000 ಅಂತ ದುಡ್ಡು ಕೊಟ್ಟ ರ‍್ಯಾಮ್ 4800ರಲ್ಲೇ ಓಡ್ತಿರುತ್ತೆ.

ಮರುಪ್ರಶ್ನೆ (ಸ್ಟುಡಿಯೋ, ಹಾಸನ):
ಸರ್, ತಿದ್ದಿದ ಕೊಟೇಶನ್ ಬಂತು. 14400, ಬಿ760, 16 ಜಿಬಿ ಎರಡು, 500 ಜಿಬಿ ಮತ್ತು 2 ಟಿಬಿ, ಎಸ್‌ಎಂಪಿಎಸ್ '550 ವ್ಯಾಟ್ ಬ್ರಾಂಜ್', ವಿಂಡೋಸ್ ಲೈಸೆನ್ಸ್ ಸೇರಿ. ಕಾರ್ಡ್ ಸದ್ಯಕ್ಕೆ ಇಲ್ಲ. ಓಕೆ ಹೇಳಲಾ?

ಉತ್ತರ (ಹಾರ್ಡ್‌ವೇರ್ ಎಂಜಿನಿಯರ್):
ಎಸ್‌ಎಂಪಿಎಸ್ ಸಾಲಿಗೆ ಕಂಪನಿ ಹೆಸರು, ಮಾಡೆಲ್ ನಂಬರ್ ಬರೆಸಿ. 2 ಟಿಬಿ ಎಸ್‌ಎಸ್‌ಡಿಗೂ ಹಾಗೇ, 'ಎನ್‌ವಿಎಂಇ' ಎಂದು ಸ್ಪಷ್ಟವಾಗಿರಲಿ, ಎಂ.2 ಆಕಾರದಲ್ಲೇ ಸಾಟಾ ಡಿಸ್ಕ್‌ಗಳೂ ಬರುತ್ತವೆ, ಅವುಗಳ ವೇಗ ಸೆಕೆಂಡಿಗೆ ಸುಮಾರು 550 ಎಂಬಿಗೇ ನಿಲ್ಲುತ್ತದೆ. ಆ ಎರಡು ಸಾಲು ತುಂಬಿಸಿಕೊಂಡು ಅಡ್ವಾನ್ಸ್ ಕೊಡಿ. ತರುವ ದಿನ ಪೆನ್‌ಡ್ರೈವ್‌ನಲ್ಲಿ ಆ ಕ್ಲಿಪ್‌ಗಳು ಮರೆಯಬೇಡಿ.