ನೈಜೀರಿಯಾ ನಕ್ಷೆ: ಡೇಟಾದಲ್ಲಿ 37 ಸಾಲು, ಗಡಿ ಕಡತದಲ್ಲಿ 31 ತುಂಡು, ಜೊತೆಗೆ ಹಾರುವ ಜಿಡಿಪಿ ಗೆರೆ

ಮಲ್ಲಿಗೆಹೂ:

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದೇವೆ. ಮಗ ಜಿಸಿಎಸ್‌ಇ (ಇಲ್ಲಿನ ಹತ್ತನೇ ತರಗತಿಯಂಥ ಪರೀಕ್ಷೆ) ಭೂಗೋಳ ಓದುತ್ತಿದ್ದಾನೆ. ಹೊಸದಾಗಿ ಮೇಲೇಳುತ್ತಿರುವ ಆರ್ಥಿಕತೆ ಅಂತ ಒಂದು ದೇಶವನ್ನು ವಿವರವಾಗಿ ಓದಬೇಕು. ಅವನ ತರಗತಿಗೆ ನೈಜೀರಿಯಾ ಬಂದಿದೆ. ಪುಸ್ತಕದ ನಕ್ಷೆಯನ್ನೇ ನಕಲು ಮಾಡುವುದು ಬೇಡ, ನಕ್ಷೆ ಮಾಡುವ ಉಚಿತ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ನಾನೇ ಮಾಡ್ತೀನಿ ಅಂತ ಕೂತಿದ್ದಾನೆ. ನನಗೂ ಖುಷಿಯೇ. ಆದರೆ ಕೆಲವು ಕಡೆ ಸಿಕ್ಕಿಹಾಕಿಕೊಂಡಿದ್ದೇವೆ.

ಮೊದಲನೆಯದು ನಕ್ಷೆ. 2022ರ ಬಹುಆಯಾಮ ಬಡತನದ (ಆದಾಯ ಮಾತ್ರವಲ್ಲ, ಆರೋಗ್ಯ, ಶಿಕ್ಷಣದಂಥ ಕೊರತೆಗಳನ್ನೂ ಎಣಿಸುವ ಬಡತನ) ಅಂಕಿಗಳಿಗೆ ರಾಜ್ಯವಾರು ಬಣ್ಣ ಹಚ್ಚಬೇಕು. ಡೇಟಾದಲ್ಲಿ 37 ಸಾಲು ಇದೆ. ರಾಜ್ಯಗಳ ಗಡಿಗೆರೆ ಇರುವ ಕಡತದಲ್ಲಿ 31 ತುಂಡು ಮಾತ್ರ. ರಾಜ್ಯದ ಹೆಸರು ನೋಡಿ ಎರಡನ್ನೂ ಜೋಡಿಸಿದರೆ ನಕ್ಷೆ ನೋಡಲು ಚೆನ್ನಾಗಿಯೇ ಬರುತ್ತದೆ, ಅಬುಜಾ ಒಂದು ಮಾತ್ರ ಖಾಲಿ. ಆದರೆ ಎಣ್ಣೆ ಮೊದಲು ಸಿಕ್ಕ ಒಲೊಯಿಬಿರಿ ಬಯೆಲ್ಸಾ ರಾಜ್ಯದಲ್ಲಿದೆ ಅಂತ ಪುಸ್ತಕ ಹೇಳುತ್ತದೆ, ನಮ್ಮ ನಕ್ಷೆಯಲ್ಲಿ ಆ ಚುಕ್ಕಿ ರಿವರ್ಸ್ ರಾಜ್ಯದಲ್ಲಿ ಬೀಳುತ್ತಿದೆ.

ಎರಡನೆಯದು ಗ್ರಾಫ್. 2012ರ ತನಕದ ಜಿಡಿಪಿ ಒಂದು ಹಳೆಯ ವರ್ಕ್‌ಶೀಟ್‌ನಿಂದ, ಆಮೇಲಿನದು ಈಚಿನ ಅಂಕಿ. 2013ಕ್ಕೆ ಬಂದಾಗ ಗೆರೆ ಹೆಚ್ಚುಕಡಿಮೆ ಎರಡರಷ್ಟು ಮೇಲಕ್ಕೆ ಹಾರುತ್ತದೆ. 2022ರ ನಂತರ ಧಡ್ ಅಂತ ಬೀಳುತ್ತದೆ. 'ಒಂದೇ ವರ್ಷದಲ್ಲಿ ಆರ್ಥಿಕತೆ ಎರಡು ಪಟ್ಟಾಯಿತು, ಹತ್ತು ವರ್ಷದ ನಂತರ ಕುಸಿಯಿತು' ಅಂತ ಬರೆಯಬಹುದಾ?

ಇನ್ನೊಂದು, ರಾತ್ರಿ ಬೆಳಕಿನ ಉಪಗ್ರಹ ಚಿತ್ರ ಹಾಕಿದ್ದೇವೆ. ನೈಜರ್ ಮುಖಜಭೂಮಿಯಲ್ಲಿ ಊರೇ ಇಲ್ಲದ ಕಡೆ, ಸಮುದ್ರದ ಮೇಲೂ ಜೋರು ಬೆಳಕು ಕಾಣುತ್ತಿದೆ. ಲೇಯರ್ ಜರುಗಿದೆಯಾ?

ಗೆರೆಬಣ್ಣ:

ಒಲೊಯಿಬಿರಿಯ ಸುಳಿವು ಕೊಟ್ಟದ್ದು ಒಳ್ಳೆಯದಾಯಿತು, ಮೇಡಂ. ಅದೊಂದರಲ್ಲೇ ಉತ್ತರ ಇದೆ. ನಿಮ್ಮ ಗಡಿ ಕಡತ 1996ಕ್ಕಿಂತ ಹಳೆಯದು.

ನೈಜೀರಿಯಾದಲ್ಲಿ ರಾಜ್ಯಗಳು ಒಡೆಯುತ್ತಲೇ ಬಂದಿವೆ. 1967ರಲ್ಲಿ 12, 1976ರಲ್ಲಿ 19, 1987ರಲ್ಲಿ 21, 1991ರಲ್ಲಿ 30, 1996ರಲ್ಲಿ 36. ರಾಜಧಾನಿ ಪ್ರದೇಶ ಅಬುಜಾ ಪ್ರತ್ಯೇಕ. ಅಂದರೆ 30 ಸೇರಿಸು 1, ನಿಮ್ಮ 31. ಈಗಿನ 36 ಸೇರಿಸು 1, ನಿಮ್ಮ 37. ಲೆಕ್ಕ ಸರಿಯಾಗಿ ಕೂತಿತು ನೋಡಿ.

1996ರಲ್ಲಿ ಹುಟ್ಟಿದ ಆರು ರಾಜ್ಯಗಳು ಇವು: ಬಯೆಲ್ಸಾ ರಿವರ್ಸ್‌ನಿಂದ ಬಂತು. ಝಂಫಾರಾ ಸೊಕೊಟೊದಿಂದ, ಗೊಂಬೆ ಬೌಚಿಯಿಂದ, ನಸರಾವಾ ಪ್ಲೇಟೊದಿಂದ, ಎಕಿಟಿ ಒಂಡೊದಿಂದ. ಎಬೊನ್ಯಿ ಮಾತ್ರ ಎನುಗು ಮತ್ತು ಅಬಿಯಾ ಎರಡರಿಂದಲೂ ತುಂಡು ತಗೊಂಡಿತು.

ನಕ್ಷೆ ಖಾಲಿ ಕಾಣದೆ ಇರುವುದೇ ಇಲ್ಲಿ ಅಪಾಯ. ಹಳೆ ಗಡಿಯ ದೊಡ್ಡ ತುಂಡು ಹೊಸ ರಾಜ್ಯದ ಜಾಗವನ್ನೂ ಸೇರಿಸಿ ಬಣ್ಣ ತುಂಬಿಕೊಳ್ಳುತ್ತದೆ. ನೀವು ಹಾಕುತ್ತಿರುವ ಅಂಕಿಗಳಲ್ಲಿ ಅತಿ ಹೆಚ್ಚು ಬಡತನ ಸೊಕೊಟೊದಲ್ಲಿ, 91%. ಅತಿ ಕಡಿಮೆ ಒಂಡೊದಲ್ಲಿ, 27%. ನಿಮ್ಮ ನಕ್ಷೆಯಲ್ಲಿ ಸೊಕೊಟೊದ 91% ಝಂಫಾರಾ ಮೇಲೆ ಹರಡಿದೆ, ಒಂಡೊದ 27% ಎಕಿಟಿ ಮೇಲೆ ಹರಡಿದೆ. ಮೇಷ್ಟ್ರು ಮೊದಲು ನೋಡುವುದೇ ಅತಿ ಹೆಚ್ಚು, ಅತಿ ಕಡಿಮೆ ಇರುವ ಜಾಗ ಅಲ್ವಾ?

ಪರಿಹಾರ ಸುಲಭ. ಹೊಸ ಗಡಿ ಕಡತ ಇಳಿಸಿಕೊಳ್ಳಿ. ವಿಶ್ವಸಂಸ್ಥೆಯ ಎಚ್‌ಡಿಎಕ್ಸ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ತೆರೆದ ತಕ್ಷಣ ಆಟ್ರಿಬ್ಯೂಟ್ ಟೇಬಲ್‌ನ ತಲೆಪಟ್ಟಿ ನೋಡಿ. ಎಷ್ಟು ತುಂಡು ಅಂತ ಅಲ್ಲೇ ಬರೆದಿರುತ್ತದೆ. 37 ಇದ್ದರೆ ಮುಂದೆ ಹೋಗಿ.

ಮಲ್ಲಿಗೆಹೂ:

ತುಂಬಾ ಥ್ಯಾಂಕ್ಸ್ ಸರ್. ಹೊಸ ಕಡತ ಹಾಕಿದೆವು. 37 ಇದೆ. ಒಲೊಯಿಬಿರಿ ಬಯೆಲ್ಸಾದೊಳಗೆ ಬಂತು! ಆದರೆ ಈಗ ನಸರಾವಾ ಖಾಲಿ, ಅಬುಜಾ ಇನ್ನೂ ಖಾಲಿ. ಗ್ರಾಜುಯೇಟೆಡ್ (ಅಂಕಿ ಏರಿದಂತೆ ಗಾಢವಾಗುವ) ಬಣ್ಣ ಹಚ್ಚಲು ಹೋದರೆ ಪಟ್ಟಿಯಲ್ಲಿ ಬಡವರ ಸಂಖ್ಯೆಯ ಕಾಲಂ ಕಾಣುವುದೇ ಇಲ್ಲ.

ಗೆರೆಬಣ್ಣ:

ಎರಡೂ ಮಾಮೂಲಿ ತೊಂದರೆ.

ಖಾಲಿ ಉಳಿದ ಎರಡೂ ಹೆಸರಿನ ಕಾಗುಣಿತದ ಸಮಸ್ಯೆ. ನಸರಾವಾ ಬರೆಯುವಾಗ ಕೆಲವರು ಒಂದು ಎಸ್ ಹಾಕುತ್ತಾರೆ, ಕೆಲವರು ಎರಡು. ರಾಜಧಾನಿಯನ್ನು ಒಂದು ಕಡೆ ಅಬುಜಾ ಅಂತಾರೆ, ಇನ್ನೊಂದು ಕಡೆ ಫೆಡರಲ್ ಕ್ಯಾಪಿಟಲ್ ಟೆರಿಟರಿ ಅಂತಾರೆ. ಮನುಷ್ಯರಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಅಲ್ಲ. ಹೆಸರು ಬಿಟ್ಟು ಐಎಸ್‌ಒ ಸಂಕೇತದ (ಪ್ರತಿ ರಾಜ್ಯಕ್ಕೂ ಇರುವ ಅಂತರರಾಷ್ಟ್ರೀಯ ಕಿರುಗುರುತು) ಮೇಲೆ ಜೋಡಿಸಿ. ಲಾಗೋಸ್‌ಗೆ ಎನ್‌ಜಿ-ಎಲ್‌ಎ, ಅಬುಜಾಗೆ ಎನ್‌ಜಿ-ಎಫ್‌ಸಿ. ಸಂಕೇತವನ್ನು ಪೂರ್ತಿ ಇಟ್ಟುಕೊಳ್ಳಿ, ಕೊನೆಯ ಎರಡು ಅಕ್ಷರ ಮಾತ್ರ ಇಡಬೇಡಿ. ನಸರಾವಾದ ಕೊನೆಯ ಎರಡು ಅಕ್ಷರ ಎನ್‌ಎ. ಮುಂದೆ ಮಗ ಪೈಥಾನ್ ಪ್ರೋಗ್ರಾಮಿಂಗ್‌ನಲ್ಲಿ ಪಾಂಡಾಸ್ ಅನ್ನುವ ಅಂಕಿಅಂಶ ಸಾಧನ ಬಳಸಿದರೆ ಅದು ಎನ್‌ಎ ನೋಡಿ 'ಇಲ್ಲಿ ಮಾಹಿತಿ ಇಲ್ಲ' ಅಂದುಕೊಳ್ಳುತ್ತದೆ. ಆ ರಾಜ್ಯ ಮತ್ತೆ ಮಾಯ.

ಕಾಲಂ ಕಾಣದಿರುವುದಕ್ಕೆ ಕಾರಣ ಅಲ್ಪವಿರಾಮ. ಸಂಖ್ಯೆಗಳ ನಡುವೆ ಕಾಮಾ ಇದ್ದರೆ ಕ್ಯೂಜಿಐಎಸ್ ಅದನ್ನು ಅಕ್ಷರ ಅಂತ ಓದುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಕಾಮಾ ತೆಗೆದು ಸಿಎಸ್‌ವಿ (ಸರಳ ಪಠ್ಯದ ಪಟ್ಟಿ) ಕಡತ ಮಾಡಿ. ಆ ಕಡತವನ್ನು ಸುಮ್ನೆ ಎಳೆದು ಬಿಡಬೇಡಿ. ಲೇಯರ್ ಮೆನುವಿನ ಡಿಲಿಮಿಟೆಡ್ ಟೆಕ್ಸ್ಟ್ ದಾರಿಯಲ್ಲಿ ಸೇರಿಸಿ, ಕಾಲಂಗಳ ಬಗೆ ಗುರುತಿಸುವ ಗುಂಡಿ ಒತ್ತಿ. ಬಣ್ಣ ಹಚ್ಚುವುದು ಮಾತ್ರ ಶೇಕಡಾ ಅಂಕಿಗೇ ಇರಲಿ. ಬಡವರ ಒಟ್ಟು ಸಂಖ್ಯೆಗೆ ಹಚ್ಚಿದರೆ ಜನ ಜಾಸ್ತಿ ಇರುವ ರಾಜ್ಯಗಳು ಸುಮ್ಮನೆ ಕಪ್ಪಾಗುತ್ತವೆ. ಒಟ್ಟು ಸಂಖ್ಯೆ ತೋರಿಸಲೇಬೇಕಾದರೆ ಚಿಕ್ಕದೊಡ್ಡ ವೃತ್ತ ಹಾಕಿ.

ಭೂಗೋಳಮೇಷ್ಟ್ರು:

ಗ್ರಾಫ್ ಬಗ್ಗೆ ನಾನು ಹೇಳುತ್ತೇನೆ. ನಾನು ಧಾರವಾಡದ ಕಡೆ ಹೈಸ್ಕೂಲ್‌ನಲ್ಲಿ ಪಾಠ ಮಾಡುವವನು. ಈ ಪ್ರಶ್ನೆ ಬಂದದ್ದು ನನಗೆ ತುಂಬಾ ಸಂತೋಷ. ಯಾಕೆಂದರೆ ಮಗು ಗೆರೆ ನೋಡಿ 'ಇದು ಹೇಗೆ ಸಾಧ್ಯ' ಅಂತ ಕೇಳಿದೆ.

ನೀವು ಕೇಳಿದ ವಾಕ್ಯ ಬರೆಯಬೇಡಿ. 2013ರಲ್ಲಿ ಆರ್ಥಿಕತೆ ಎರಡು ಪಟ್ಟಾಗಲಿಲ್ಲ. ಎಣಿಸುವ ರೀತಿ ಬದಲಾಯಿತು. 2014ರ ಏಪ್ರಿಲ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ಆಧಾರ ವರ್ಷವನ್ನು, ಅಂದರೆ ಬೆಲೆ ಮತ್ತು ಉದ್ಯಮಗಳ ಪಾಲನ್ನು ಅಳೆಯಲು ಹಿಡಿದ ವರ್ಷವನ್ನು, 1990ರಿಂದ 2010ಕ್ಕೆ ತಂದಿತು. 2013ರ ಜಿಡಿಪಿ ಹಳೆ ಲೆಕ್ಕದಲ್ಲಿ 42.4 ಲಕ್ಷ ಕೋಟಿ ನೈರಾ. ಹೊಸ ಲೆಕ್ಕದಲ್ಲಿ 80.2 ಲಕ್ಷ ಕೋಟಿ. 89% ಜಾಸ್ತಿ. ಡಾಲರ್‌ನಲ್ಲಿ ಸುಮಾರು 51,000 ಕೋಟಿ. ಒಂದೇ ದಿನದಲ್ಲಿ ನೈಜೀರಿಯಾ ದಕ್ಷಿಣ ಆಫ್ರಿಕಾವನ್ನು ದಾಟಿ ಆ ಖಂಡದ ಅತಿ ದೊಡ್ಡ ಆರ್ಥಿಕತೆ ಅನ್ನಿಸಿಕೊಂಡಿತು.

ಅಷ್ಟು ವ್ಯತ್ಯಾಸ ಯಾಕೆ ಬಂತು? 1990ರ ದಿನಸಿ ಚೀಟಿ ಹಿಡಿದು ಇವತ್ತಿನ ಮನೆ ಖರ್ಚು ಲೆಕ್ಕ ಹಾಕಿದ ಹಾಗೆ ಇತ್ತು ಹಳೆಯ ಕ್ರಮ. 1990ರಲ್ಲಿ ಅಲ್ಲಿ ಮೊಬೈಲ್ ಉದ್ಯಮವೇ ಇರಲಿಲ್ಲ. 2001ರಲ್ಲಿ ಜಿಎಸ್‌ಎಂ ಪರವಾನಗಿ ಕೊಟ್ಟ ಮೇಲೆ ಅದು ದೊಡ್ಡದಾಗಿ ಬೆಳೆಯಿತು. ನಾಲಿವುಡ್ ಸಿನಿಮಾ ಉದ್ಯಮವೂ ಹಾಗೆಯೇ. ಹೊಸ ಲೆಕ್ಕದಲ್ಲಿ ದೂರಸಂಪರ್ಕದ ಪಾಲು 1%ಗಿಂತ ಕಡಿಮೆ ಇದ್ದದ್ದು 8% ದಾಟಿತು. ಎಣ್ಣೆ ಮತ್ತು ಅನಿಲದ ಪಾಲು ಸುಮಾರು 32%ರಿಂದ 14%ಕ್ಕೆ ಇಳಿಯಿತು. ಸೇವಾ ವಲಯ ಅರ್ಧಕ್ಕಿಂತ ಜಾಸ್ತಿ ಆಯಿತು. ನಿಮ್ಮ ಮಗನ ಪಾಠದಲ್ಲಿ 'ಉದ್ಯಮಗಳ ರಚನೆ ಹೇಗೆ ಬದಲಾಗುತ್ತಿದೆ' ಅಂತ ಒಂದು ಭಾಗ ಇರುತ್ತದೆ. ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಒಂದು ಎಚ್ಚರಿಕೆ ಇದೆ. ಜಿಡಿಪಿಯಲ್ಲಿ ಎಣ್ಣೆಯ ಪಾಲು ಚಿಕ್ಕದು ಅಂದ ಮಾತ್ರಕ್ಕೆ ಎಣ್ಣೆ ಮುಖ್ಯವಲ್ಲ ಅಂತಲ್ಲ. ರಫ್ತಿನ ಆದಾಯ ಹೆಚ್ಚಾಗಿ ಬರುವುದು ಎಣ್ಣೆ-ಅನಿಲದಿಂದಲೇ. ಎರಡನ್ನೂ ಬೇರೆ ಬೇರೆ ಪಟ್ಟಿಯಲ್ಲಿ ತೋರಿಸಲಿ.

ಇದು ಅಲ್ಲಿ ಮಾತ್ರ ಆಗುವುದಲ್ಲ. 2015ರ ಜನವರಿಯಲ್ಲಿ ನಮ್ಮ ದೇಶವೂ ಆಧಾರ ವರ್ಷವನ್ನು 2011-12ಕ್ಕೆ ಬದಲಿಸಿತು. ಆಗ 2013-14ರ ಬೆಳವಣಿಗೆ ದರ 4.7% ಇದ್ದದ್ದು 6.9% ಆಯಿತು. ನೈಜೀರಿಯಾ 2025ರ ಜುಲೈನಲ್ಲಿ ಇನ್ನೊಮ್ಮೆ ಬದಲಿಸಿದೆ, ಈ ಸಲ 2019ಕ್ಕೆ. ಹಾಗಾಗಿ ಈಗ ಇಳಿಸಿಕೊಂಡ ಅಂಕಿಯನ್ನು ಅದಕ್ಕಿಂತ ಹಿಂದಿನ ಪುಸ್ತಕದ ಜೊತೆ ಬೆರೆಸಬೇಡಿ.

ಇನ್ನು ಆ ಕುಸಿತ. ಅದು ಡಾಲರ್‌ನ ಆಟ. 2023ರ ಜೂನ್‌ನಲ್ಲಿ ಸರ್ಕಾರ ನೈರಾದ ಬೆಲೆಯ ಹಿಡಿತ ಸಡಿಲಿಸಿತು. ಡಾಲರ್‌ಗೆ 460ರ ಆಸುಪಾಸು ಇದ್ದದ್ದು ಕೆಲವೇ ದಿನಗಳಲ್ಲಿ 700 ದಾಟಿತು. 2024ರಲ್ಲಿ 1,500 ದಾಟಿತು. ಅದೇ ಉತ್ಪಾದನೆಯನ್ನು ಡಾಲರ್‌ಗೆ ತಿರುಗಿಸಿದಾಗ ಅಂಕಿ ಕುಗ್ಗುತ್ತದೆ. ದೇಶದ ಉತ್ಪಾದನೆ ಆ ಎರಡೂ ವರ್ಷ ಸುಮಾರು 3% ಬೆಳೆದಿದೆ. ಜನರಿಗೆ ಕಷ್ಟ ಆಗಲಿಲ್ಲ ಅಂತ ಅಲ್ಲ, ಬೆಲೆ ಏರಿಕೆ ಭಯಂಕರವಾಗಿತ್ತು. ಅದನ್ನು ಹಣದುಬ್ಬರದ ಗ್ರಾಫ್‌ನಲ್ಲಿ ತೋರಿಸಬೇಕು.

ನಿಜವಾದ ಹಿನ್ನಡೆ ಬೇಕಾದರೆ 2016 ನೋಡಿ. 2014ರ ಮಧ್ಯದಲ್ಲಿ ಬ್ಯಾರಲ್‌ಗೆ 100 ಡಾಲರ್ ದಾಟಿದ್ದ ಎಣ್ಣೆ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಹೋಯಿತು. ಆ ವರ್ಷ ಆರ್ಥಿಕತೆ 1.6% ಕುಗ್ಗಿತು. 2020ರಲ್ಲಿ ಕೋವಿಡ್‌ನಿಂದ ಮತ್ತೆ ಕುಗ್ಗಿತು. ಡಾಲರ್ ಗೆರೆ ತೆಗೆದು ವಾರ್ಷಿಕ ಬೆಳವಣಿಗೆ ದರದ ಗೆರೆ ಹಾಕಿದರೆ ಈ ಎರಡು ತಗ್ಗು ಚೆನ್ನಾಗಿ ಕಾಣುತ್ತವೆ.

ಅಪಾಪಾ_ಗೆಳೆಯ:

ನಾನು ಲಾಗೋಸ್‌ನಲ್ಲಿ ಕೆಲಸ ಮಾಡಿದವನು. ಈಗ ಮಂಗಳೂರಿನಲ್ಲಿದ್ದೇನೆ. ರಾತ್ರಿ ಬೆಳಕಿನ ವಿಚಾರ ಹೇಳುತ್ತೇನೆ.

ಅಕ್ಕ, ಲೇಯರ್ ಜರುಗಿಲ್ಲ. ಮುಖಜಭೂಮಿಯಲ್ಲಿ, ಸಮುದ್ರದಲ್ಲಿ ಕಾಣುವ ಆ ಬೆಳಕು ಗ್ಯಾಸ್ ಉರಿಸುವ ಜ್ವಾಲೆ. ಎಣ್ಣೆ ತೆಗೆಯುವಾಗ ಜೊತೆಗೆ ಬರುವ ಅನಿಲವನ್ನು ಹಿಡಿದು ಬಳಸುವ ಬದಲು ಅಲ್ಲೇ ಸುಡುತ್ತಾರೆ. ಉಪಗ್ರಹಕ್ಕೆ ಅದು ಊರಿನಷ್ಟೇ ಹೊಳೆಯುತ್ತದೆ. ಬೆಳಕು ಜಾಸ್ತಿ ಇದ್ದಲ್ಲಿ ಅಭಿವೃದ್ಧಿ ಜಾಸ್ತಿ ಅಂತ ಬರೆದರೆ ಇಲ್ಲಿ ಪೂರ್ತಿ ಉಲ್ಟಾ ಆಗುತ್ತದೆ. ಆ ಜ್ವಾಲೆಗಳ ಪಕ್ಕದ ಹಳ್ಳಿಗಳು ಮೀನು, ನೀರು, ಗಾಳಿ ಎಲ್ಲದರಲ್ಲೂ ನಷ್ಟ ಅನುಭವಿಸಿವೆ. ಅಲ್ಲೇ ಹತ್ತಿರದ ಒಗೊನಿಲ್ಯಾಂಡ್‌ನ ಎಣ್ಣೆ ಮಾಲಿನ್ಯದ ಬಗ್ಗೆ 2011ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಬಂತು. ಪೂರ್ತಿ ಶುಚಿ ಮಾಡಲು 25ರಿಂದ 30 ವರ್ಷ ಬೇಕು ಅಂತ ಅದರಲ್ಲಿದೆ. ಆ ಜ್ವಾಲೆಗಳನ್ನು ಬೇರೆ ಬಣ್ಣದ ಚುಕ್ಕಿ ಮಾಡಿ, ಪರಿಸರದ ಪರಿಣಾಮ ಅನ್ನುವ ಭಾಗಕ್ಕೆ ಬಳಸಿಕೊಳ್ಳಿ.

ಲಾಗೋಸ್‌ನ ಬೆಳಕನ್ನೂ ಪೂರ್ತಿ ನಂಬಬೇಡಿ. ಇಡೀ ದೇಶದ ಗ್ರಿಡ್‌ನಿಂದ ಸಿಗುವುದು ಸಾಮಾನ್ಯವಾಗಿ 4,000-5,000 ಮೆಗಾವ್ಯಾಟ್. 20 ಕೋಟಿಗೂ ಜಾಸ್ತಿ ಜನಕ್ಕೆ. ನಮ್ಮ ಕರ್ನಾಟಕದ ಬೇಸಿಗೆ ಬೇಡಿಕೆಯೇ 17,000 ದಾಟುತ್ತದೆ. ಅಂಗಡಿ, ಕಾರ್ಖಾನೆ, ಮನೆ ಎಲ್ಲ ಕಡೆ ಜನರೇಟರ್. ಇಕೆಜಾದ ಕಂಪ್ಯೂಟರ್ ವಿಲೇಜ್‌ನಲ್ಲಿ ಫೋನ್ ರಿಪೇರಿ ಮಾಡುವ ಹುಡುಗ ಸಹ ಡೀಸೆಲ್, ಪೆಟ್ರೋಲ್ ಲೆಕ್ಕ ಹಾಕಿಯೇ ಅಂಗಡಿ ತೆರೆಯುತ್ತಾನೆ. ಇಷ್ಟರ ನಡುವೆಯೂ ಆ ಊರು ದುಡಿಯುವ ರೀತಿ ನೋಡಿದರೆ ಗೌರವ ಬರುತ್ತದೆ.

ಮಗನಿಗೆ ಇನ್ನೊಂದು ಹೇಳಿ. ಲೆಕ್ಕಿಯ ಡಾಂಗೋಟೆ ಎಣ್ಣೆ ಶುದ್ಧೀಕರಣ ಘಟಕವನ್ನು ನಕ್ಷೆಯಲ್ಲಿ ಹಾಕಲೇಬೇಕು. ದಿನಕ್ಕೆ 6,50,000 ಬ್ಯಾರಲ್ ಸಾಮರ್ಥ್ಯ, 2024ರಲ್ಲಿ ಉತ್ಪಾದನೆ ಶುರು. ಕಚ್ಚಾ ಎಣ್ಣೆ ಮಾರಿ ಪೆಟ್ರೋಲ್ ಆಮದು ಮಾಡುತ್ತಿದ್ದ ದೇಶಕ್ಕೆ ಅದು ದೊಡ್ಡ ತಿರುವು. ಅಜಾವೊಕುಟಾ ಉಕ್ಕಿನ ಕಾರ್ಖಾನೆಗೆ ಮಾತ್ರ ಬೇರೆ ಗುರುತು ಕೊಡಿ. 1979ರ ಹೊತ್ತಿಗೆ ಶುರುವಾದ ಯೋಜನೆ, ಇನ್ನೂ ಪೂರ್ತಿಯಾಗಿ ನಡೆದೇ ಇಲ್ಲ. ಹಳೆ ನಕ್ಷೆಗಳಲ್ಲಿ ಅದು ನಡೆಯುವ ಕಾರ್ಖಾನೆಯಂತೆ ಕಾಣುತ್ತದೆ.

ಮಲ್ಲಿಗೆಹೂ:

ಗ್ಯಾಸ್ ಜ್ವಾಲೆ ಅಂತ ಗೊತ್ತಾದ ಮೇಲೆ ಮಗ ಆ ಲೇಯರ್ ಬಿಟ್ಟು ಏಳುತ್ತಿಲ್ಲ! ನಕ್ಷೆಯಲ್ಲಿ 37 ತುಂಡಿಗೂ ಬಣ್ಣ ಬಂತು. ಉತ್ತರದಲ್ಲಿ ಗಾಢ, ದಕ್ಷಿಣದಲ್ಲಿ ತಿಳಿ, ವ್ಯತ್ಯಾಸ ಎದ್ದು ಕಾಣುತ್ತದೆ. ಇನ್ನೆರಡು ಪ್ರಶ್ನೆ. ಲಾಗೋಸ್ ಎಷ್ಟು ಚಿಕ್ಕದು ಅಂದರೆ ಹೆಸರು ಬರೆಯಲೂ ಜಾಗ ಇಲ್ಲ. ಮತ್ತೆ, ಲಾಗೋಸ್ ಜನಸಂಖ್ಯೆ ಒಂದು ಕಡೆ 90 ಲಕ್ಷ, ಇನ್ನೊಂದು ಕಡೆ ಒಂದೂಮುಕ್ಕಾಲು ಕೋಟಿ ಅಂತಿದೆ. ಯಾವುದು ಹಾಕಲಿ?

ಭೂಗೋಳಮೇಷ್ಟ್ರು:

ಎರಡೂ 2006ರವು, ಮೇಡಂ. ಕೇಂದ್ರದ ಜನಗಣತಿಯಲ್ಲಿ ಲಾಗೋಸ್ ರಾಜ್ಯಕ್ಕೆ ಸುಮಾರು 91 ಲಕ್ಷ, ಕಾನೊಗೆ 94 ಲಕ್ಷ ಬಂತು. ಲಾಗೋಸ್ ಸರ್ಕಾರ ಅದನ್ನು ಒಪ್ಪಲಿಲ್ಲ. ತನ್ನದೇ ಎಣಿಕೆಯಲ್ಲಿ 1.75 ಕೋಟಿ ಅಂದಿತು. ಕೇಂದ್ರದ ಹಣ ಹಂಚಿಕೆಗೂ ಲೋಕಸಭೆಯಂಥ ಅವರ ಸದನದ ಸೀಟುಗಳಿಗೂ ಜನಸಂಖ್ಯೆ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಜಗಳ ಸಹಜ. ಅದಾದ ಮೇಲೆ ದೇಶದಲ್ಲಿ ಜನಗಣತಿ ಮುಗಿದಿಲ್ಲ, ಈಗಿನದೆಲ್ಲ ಅಂದಾಜು. ಒಂದೇ ಮೂಲದ ಅಂಕಿಯನ್ನು ಎಲ್ಲ ರಾಜ್ಯಕ್ಕೂ ಬಳಸಿ, ಕೆಳಗೆ 'ಅಂದಾಜು' ಅಂತ ವರ್ಷ ಸಮೇತ ಬರೆಯಲಿ. ಇನ್ನೊಂದು ಎಣಿಕೆಯನ್ನು ಒಂದು ಸಾಲಿನಲ್ಲಿ ಹೇಳಲಿ.

ಗೆರೆಬಣ್ಣ:

ಲಾಗೋಸ್‌ಗೆ ಒಳನಕ್ಷೆ ಮಾಡಿ. ಮೊದಲು ಪ್ರಾಜೆಕ್ಟ್‌ನ ಪ್ರಕ್ಷೇಪವನ್ನು (ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ತರುವ ಕ್ರಮ) ಯುಟಿಎಂ 32 ಉತ್ತರಕ್ಕೆ ಇಡಿ, ಪಟ್ಟಿಯಲ್ಲಿ ಅದರ ಸಂಖ್ಯೆ 32632. ಆಗ ಅಳತೆ ಡಿಗ್ರಿಯಲ್ಲಿ ಬರದೆ ಮೀಟರ್‌ನಲ್ಲಿ ಬರುತ್ತದೆ. ಪ್ರಿಂಟ್ ಲೇಔಟ್‌ನಲ್ಲಿ ಎ4 ಅಡ್ಡ ಹಾಳೆಗೆ ದೊಡ್ಡ ನಕ್ಷೆಯನ್ನು 1:60,00,000ಕ್ಕೆ ಇಡಿ. ಎರಡನೇ ನಕ್ಷೆಯನ್ನು ಕೆಳಗೆ ಬಲಗಡೆ, ಕ್ಯಾಮರೂನ್ ಇರುವ ಖಾಲಿ ಜಾಗದಲ್ಲಿ, 1:20,00,000ಕ್ಕೆ ಇಟ್ಟು ಲಾಗೋಸ್ ಮೇಲೆ ನಿಲ್ಲಿಸಿ. ದೊಡ್ಡ ನಕ್ಷೆಯ ಓವರ್‌ವ್ಯೂನಲ್ಲಿ ಚಿಕ್ಕದನ್ನು ಆರಿಸಿದರೆ ಚೌಕ ತಾನಾಗಿ ಬರುತ್ತದೆ. ಪ್ರತಿ ನಕ್ಷೆಗೂ ಅದರದೇ ಅಳತೆಪಟ್ಟಿ ಹಾಕಿ. ಅಪಾಪಾ ಬಂದರು, ಲೆಕ್ಕಿ, ಇಕೆಜಾ ಈ ಮೂರು ಹೆಸರೂ ಚಿಕ್ಕದರಲ್ಲಿ ಆರಾಮಾಗಿ ಹಿಡಿಸುತ್ತವೆ.

ಮಲ್ಲಿಗೆಹೂ:

ಬಂತು ಸರ್, ಚೌಕವೂ ಬಂತು. ನಕ್ಷೆ ಕೆಳಗೆ ಮಗ ಹೀಗೆ ಬರೆದಿದ್ದಾನೆ: 'ಗಡಿ 1996ರ ನಂತರದ್ದು. ಬಡತನದ ಅಂಕಿ 2022ರದು. ಬೆಳವಣಿಗೆ ದರ ಸ್ಥಿರ ಬೆಲೆಯಲ್ಲಿ (ಬೆಲೆ ಏರಿಕೆ ಕಳೆದು). ಮುಖಜಭೂಮಿಯ ಕೆಂಪು ಚುಕ್ಕಿಗಳು ಗ್ಯಾಸ್ ಜ್ವಾಲೆ, ಊರುಗಳಲ್ಲ.' ಸಾಕಾ?

ಭೂಗೋಳಮೇಷ್ಟ್ರು:

ಆಧಾರ ವರ್ಷವನ್ನೂ ಸೇರಿಸಲಿ. ಮಿಕ್ಕಿದ್ದು ಸರಿಯಾಗಿದೆ.