ರೆಟ್‌ಕಾನ್‌ಗೆ ಕನ್ನಡದಲ್ಲಿ ಏನನ್ನೋಣ? (ಇವತ್ತು ರಾತ್ರಿಯೊಳಗೆ ಬೇಕು)

> ಡಾಕ್ಟರ್ ಹೂ ಟಿವಿ ಸರಣಿಯ ಮೇಲೆ ಅಲನ್ ಮೂರ್ ಪ್ರಭಾವದ ಬಗ್ಗೆ ಒಂದು ಲೇಖನ ಅನುವಾದ ಮಾಡ್ತಿದ್ದೇನೆ. ‘ರೆಟ್‌ಕಾನ್’ ಅನ್ನೋ ಮಾತು ಪುಟಕ್ಕೆ ಎರಡು ಸಲ ಬರುತ್ತೆ. ಒಂದೇ ಪದ ಬೇಕು, ಕ್ರಿಯಾಪದವಾಗಿಯೂ ಒಗ್ಗಬೇಕು. ರಾತ್ರಿ ಪುಟ ಕಟ್ಟೋಕೆ ಹೋಗುತ್ತೆ.

ಬೆಳಗ್ಗೆಯಿಂದ ಬಂದ ಉತ್ತರಗಳನ್ನೆಲ್ಲ ಓದಿದೆ. ಪದ ಸಿಕ್ಕಿಲ್ಲ, ಜಗಳ ಸಿಕ್ಕಿದೆ. ಲೇಖನ ಯಾವುದರ ಬಗ್ಗೆ ಅಂತ ನೋಡದೆ ಎಲ್ಲರೂ ನಿಘಂಟು ತೆಗೆದು ಕೂತಿದ್ದಾರೆ. ನಡೆದುಹೋದ ಕತೆಗೆ ಮುಂದಿನ ಕಂತಿನಲ್ಲಿ ಹೊಸ ಹಿನ್ನೆಲೆ ಕೊಡೋದಕ್ಕೆ ರೆಟ್‌ಕಾನ್ ಅಂತಾರೆ. ಈ ಲೇಖನದಲ್ಲಿ ಅದು ನಿಖರವಾಗಿ ಏನು ಅನ್ನೋದು ಮೊದಲು ತೀರ್ಮಾನ ಆಗಲಿ, ಪದ ಆಮೇಲೆ.

> ಪೂರ್ವಾನ್ವಯ. ಸರ್ಕಾರಿ ಆದೇಶಗಳಲ್ಲಿ ಬಳಕೆಯಲ್ಲಿದೆ. ಹೊಸದಾಗಿ ಕಟ್ಟುವ ಅಗತ್ಯವಿಲ್ಲ.

ಬೇಡ ಮೇಷ್ಟ್ರೇ. ವೇತನ ಪರಿಷ್ಕರಣೆ ಪೂರ್ವಾನ್ವಯವಾಗಿ ಜಾರಿಗೆ ಬರುತ್ತೆ, ಕತೆ ಬರಲ್ಲ. ಅಲ್ಲಿ ಹಳೆಯ ತಾರೀಖಿನಿಂದ ಹೊಸ ನಿಯಮ ಲಾಗೂ ಆಗುತ್ತೆ ಅಷ್ಟೇ. ಕ್ರಿಯಾಪದ ಮಾಡಿ ನೋಡಿ: ‘ಸ್ಕ್ರಿಪ್ಟ್ ಎಡಿಟರ್ ಕಾರ್ಟ್‌ಮೆಲ್ ಡಾಕ್ಟರ್‌ನ ಹಿನ್ನೆಲೆಯನ್ನು ಪೂರ್ವಾನ್ವಯಿಸಿದರು’. ಇದನ್ನು ಯಾರು ಓದ್ತಾರೆ?

> ಹಿಂತಿದ್ದು. ಅಚ್ಚಗನ್ನಡ, ಮೂರೇ ಅಕ್ಷರ, ನಾಮಪದವೂ ಹೌದು, ಕ್ರಿಯಾಪದವೂ ಹೌದು.

ಇದರ ಮೇಲೆ ನಡೆದ ಆದೇಶ ಸಂಧಿ ಜಗಳ ನೋಡಿದೆ. ‘ಹಿಂಗಾಲು, ಹಿಂದಲೆ ಇರುವಾಗ ಇದು ಹಿಂದಿದ್ದು ಆಗಲೇಬೇಕು, ಹಾಗಾದರೆ ಹಿಂದೆ ಇದ್ದದ್ದು ಅನ್ನೋ ಅರ್ಥ ಬಂದು ಪದ ಕೆಟ್ಟಿತು’ ಅಂತ ಒಬ್ಬರು ತೀರ್ಪು ಕೊಟ್ಟರು. ಹಾಗೇನಿಲ್ಲ. ಹಿಂತೆಗೆ, ಹಿಂಪಡೆ ಎರಡೂ ದಿನಾ ಪತ್ರಿಕೆಯಲ್ಲಿ ಬರುತ್ತವೆ, ಆದೇಶ ಆಗಿಲ್ಲ. ಹಿಂದಿರುಗು, ಹಿಂತಿರುಗು ಎರಡನ್ನೂ ಜನ ಬಳಸುತ್ತಾರೆ. ಸಂಧಿಯ ಕಾರಣಕ್ಕೆ ಈ ಪದ ಬೀಳಲ್ಲ. ಅರ್ಥದ ಕಾರಣಕ್ಕೆ ಬೀಳುತ್ತೆ. ತಿದ್ದೋದು ಅಂದ್ರೆ ಹಳೆಯದು ತಪ್ಪು ಅಂತ ಒಪ್ಪಿಕೊಂಡು ಸರಿಪಡಿಸೋದು. ಕಾಮಿಕ್ಸ್ ಬರೆಯೋ ಮೂರ್ ಮಾಡಿದ್ದು ಅದಲ್ಲ. ಆಂಡ್ರೂ ಕಾರ್ಟ್‌ಮೆಲ್ ಮೂರ್‌ನಿಂದ ಕಲಿತದ್ದೂ ಅದಲ್ಲ.

ಸ್ವಾಂಪ್ ಥಿಂಗ್ ತಗೊಳ್ಳಿ. ಲೆನ್ ವೀನ್ ಮತ್ತು ಬರ್ನಿ ರೈಟ್‌ಸನ್ ಸೃಷ್ಟಿಸಿದ ಕಾಮಿಕ್ಸ್ ಪಾತ್ರ. ಮೂಲ ಕತೆ ಇಷ್ಟು: ಅಲೆಕ್ ಹಾಲೆಂಡ್ ಅನ್ನೋ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಸ್ಫೋಟ ಆಗುತ್ತೆ, ಮೈಗೆ ಬೆಂಕಿ ಹತ್ತಿಕೊಂಡು ಅವನು ಜೌಗಿಗೆ ಬೀಳುತ್ತಾನೆ, ಸೊಪ್ಪುಸದೆಯ ಮೈಯ ರಾಕ್ಷಸನಾಗಿ ಎದ್ದು ಬರುತ್ತಾನೆ. ಮತ್ತೆ ಮನುಷ್ಯ ಆಗಬೇಕು ಅನ್ನೋದೇ ಅವನ ಹಂಬಲ. ವರ್ಷಗಟ್ಟಲೆ ಕತೆ ಅದೇ ಹಂಬಲದ ಮೇಲೆ ನಡೆದಿತ್ತು. 1984ರಲ್ಲಿ ಮೂರ್ 21ನೇ ಸಂಚಿಕೆಯಲ್ಲಿ ಆ ಮೈಯನ್ನು ಶವಪರೀಕ್ಷೆಯ ಮೇಜಿನ ಮೇಲೆ ಮಲಗಿಸಿದ. ಕೊಯ್ದು ನೋಡಿದರೆ ಒಳಗೆ ಶ್ವಾಸಕೋಶದ ಆಕಾರ ಇದೆ, ಉಸಿರಾಡೋಕೆ ಬರಲ್ಲ. ಮೂತ್ರಪಿಂಡದ ಆಕಾರ ಇದೆ, ಯಾವ ಕೆಲಸಕ್ಕೂ ಇಲ್ಲ. ಎಲ್ಲ ಬರೀ ಗಿಡದ ನಾರು. ಅಂದ್ರೆ ಹಾಲೆಂಡ್ ಅವತ್ತೇ ಸತ್ತುಹೋಗಿದ್ದ. ಅವನ ನೆನಪನ್ನು ಹೀರಿಕೊಂಡ ಜೌಗಿನ ಗಿಡಗಳು ತಾವೇ ಹಾಲೆಂಡ್ ಅಂದುಕೊಂಡು ಇಷ್ಟು ದಿನ ಓಡಾಡಿದವು. ವಾಪಸ್ ಮನುಷ್ಯ ಆಗೋ ಮಾತೇ ಇಲ್ಲ, ಯಾಕಂದ್ರೆ ಮನುಷ್ಯ ಆಗಿದ್ದೇ ಇಲ್ಲ.

ಇಲ್ಲಿ ಹಳೆಯ ಒಂದು ಪುಟವಾದರೂ ಸುಳ್ಳಾಯಿತಾ? ಇಲ್ಲ. ಸ್ಫೋಟ ಆದದ್ದು ನಿಜ, ಜೌಗಿಗೆ ಬಿದ್ದದ್ದು ನಿಜ, ರಾಕ್ಷಸ ಎದ್ದು ಬಂದದ್ದೂ ನಿಜ. ಎಲ್ಲ ಹಾಗೇ ಇದೆ, ಅರ್ಥ ಮಾತ್ರ ಪೂರ್ತಿ ಬೇರೆ. ಇದಕ್ಕೆ ‘ತಿದ್ದು’ ಅಂದ್ರೆ ಮೂರ್‌ನ ಕೈಚಳಕವೇ ಕಾಣದೆ ಹೋಗುತ್ತೆ.

ಈಗ ಡಾಕ್ಟರ್ ಹೂಗೆ ಬರೋಣ. ಕಾಲದಲ್ಲಿ ಹಿಂದೆ ಮುಂದೆ ಓಡಾಡೋ ‘ಡಾಕ್ಟರ್’ ಅನ್ನೋ ಅನ್ಯಗ್ರಹದವನ ಕತೆ ಅದು; ಆಗಾಗ ಅವನ ಮೈ ಬದಲಾಗುತ್ತೆ, ಹೊಸ ನಟ ಇಲ್ಲವೇ ನಟಿ ಆ ಪಾತ್ರಕ್ಕೆ ಬರ್ತಾರೆ. ಕಾರ್ಟ್‌ಮೆಲ್ 1987ರಿಂದ 1989ರವರೆಗೆ, ಅಂದ್ರೆ ಸಿಲ್ವೆಸ್ಟರ್ ಮೆಕಾಯ್ ಡಾಕ್ಟರ್ ಆಗಿದ್ದ ಮೂರು ಸೀಸನ್, ಬಿಬಿಸಿಯಲ್ಲಿ ಸ್ಕ್ರಿಪ್ಟ್ ಎಡಿಟರ್. ಮೂರ್ ಅಂದ್ರೆ ಪ್ರಾಣ. ಹೊಸ ಬರಹಗಾರರಿಗೆ ಮೂರ್‌ನ ಕಾಮಿಕ್ಸ್ ಕೊಟ್ಟು ಓದಿಸುತ್ತಿದ್ದ. ಅದರಲ್ಲಿ 2000 ಎಡಿ ವಾರಪತ್ರಿಕೆಯಲ್ಲಿ ಬಂದ ಹೇಲೋ ಜೋನ್ಸ್ ಮುಖ್ಯ. ಹೇಲೋ ಜೋನ್ಸ್ ವೀರವನಿತೆ ಏನಲ್ಲ, ಕೆಲಸ ಇಲ್ಲದ ಜನರ ವಸತಿಯಲ್ಲಿ ಬೆಳೆದು ಹೇಗಾದರೂ ಅಲ್ಲಿಂದ ಹೊರಗೆ ಹೋಗಬೇಕು ಅಂತ ಅಂತರಿಕ್ಷ ಹಡಗಿನಲ್ಲಿ ಕೆಲಸಕ್ಕೆ ಸೇರೋ ಹುಡುಗಿ. ಲಂಡನ್‌ನ ಪೆರಿವೇಲ್‌ನಿಂದ ಬಂದು ದೂರದ ಗ್ರಹದಲ್ಲಿ ವೇಟ್ರೆಸ್ ಆಗಿದ್ದ, ಆಮೇಲೆ ಡಾಕ್ಟರ್‌ನ ಜೊತೆಗಾತಿ ಆದ ಏಸ್‌ಳನ್ನು ನೋಡಿದಾಗಲೆಲ್ಲ ನನಗೆ ಹೇಲೋ ಜೋನ್ಸ್ ನೆನಪಾಗುತ್ತಾಳೆ.

ಆದರೆ ನಿಮ್ಮ ಲೇಖನಕ್ಕೆ ಬೇಕಾದ ಉದಾಹರಣೆ 1988ರ ಅಕ್ಟೋಬರ್‌ನಲ್ಲಿ ಪ್ರಸಾರ ಆದ ‘ರಿಮೆಂಬ್ರೆನ್ಸ್ ಆಫ್ ದ ಡಾಲೆಕ್ಸ್’. ಬೆನ್ ಆರನೋವಿಚ್ ಬರೆದದ್ದು. ಸರಣಿಗೆ 25 ತುಂಬಿದ ವರ್ಷ. ಕತೆ ನಡೆಯೋದು 1963ರ ಲಂಡನ್‌ನಲ್ಲಿ, ಮೊದಲ ಕಂತಿನಲ್ಲಿ ಬಂದ ಅದೇ ಕೋಲ್ ಹಿಲ್ ಶಾಲೆ, ಟಾಟರ್ಸ್ ಲೇನ್‌ನ ಅದೇ ಗುಜರಿ ಅಂಗಳ. (ಗುಜರಿಯ ಬಾಗಿಲ ಮೇಲೆ ಫೋರ್‌ಮನ್ ಹೆಸರಿನ ಕಾಗುಣಿತ 1963ರಲ್ಲಿ ಸರಿ ಇತ್ತು, 1988ರಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ. ನಮ್ಮ ಗುಂಪಿನವರು ಇದನ್ನು ನೋಡಲೇಬೇಕು.) ಡಾಕ್ಟರ್ ಆ ಗುಜರಿಯಲ್ಲಿ ಯಾಕೆ ಬಂದು ನಿಂತಿದ್ದ ಅಂತ 1963ರಲ್ಲಿ ಯಾರೂ ಹೇಳಿರಲಿಲ್ಲ. ಆರನೋವಿಚ್ ಕಾರಣ ಕೊಟ್ಟ: ನಕ್ಷತ್ರಗಳನ್ನೇ ಬೇಕಾದ ಹಾಗೆ ಮಾರ್ಪಡಿಸುವ ‘ಒಮೆಗಾನ ಕೈ’ ಅನ್ನೋ, ಟೈಮ್ ಲಾರ್ಡ್‌ಗಳ (ಡಾಕ್ಟರ್‌ನ ಕುಲದವರ) ಯಂತ್ರವನ್ನು ಬಚ್ಚಿಡೋಕೆ ಬಂದಿದ್ದ. ಅದು ಶವಪೆಟ್ಟಿಗೆಯ ಒಳಗೆ ಕಾಯ್ತಾ ಇತ್ತು. 25 ವರ್ಷದ ಹಿಂದಿನ ಕಂತಿನ ಒಂದು ಸಾಲೂ ಬದಲಾಗಲಿಲ್ಲ. ಈಗ ಆ ಕಂತು ನೋಡಿದರೆ ಮುದುಕ ಸುಮ್ನೆ ಅಲ್ಲಿ ಅಡಗಿ ಕೂತಿಲ್ಲ, ಏನೋ ಕೆಲಸದ ಮೇಲೆ ಇದ್ದಾನೆ.

ಅದೇ ಕತೆಯಲ್ಲಿ ಇನ್ನೊಂದು ಚಿಕ್ಕ ಮಾತು ಇದೆ. ಆ ಯಂತ್ರದ ಮೊದಲ ಮಾದರಿ ‘ನಮಗೆ’ ಎಷ್ಟು ಕಾಟ ಕೊಟ್ಟಿತ್ತು ಅಂತ ಡಾಕ್ಟರ್ ಬಾಯಿತಪ್ಪಿ ಅಂದುಬಿಡ್ತಾನೆ. ಏಸ್ ತಕ್ಷಣ ‘ನಮಗೆ’ನಾ ಅಂತ ಕೇಳ್ತಾಳೆ. ‘ಅವರಿಗೆ’ ಅಂತ ಮಾತು ತಿರುಗಿಸ್ತಾನೆ. ಅಷ್ಟೇ. ಟೈಮ್ ಲಾರ್ಡ್‌ಗಳ ಆದಿಕಾಲದಲ್ಲಿ ಇವನೂ ಅಲ್ಲಿದ್ದನಾ ಅನ್ನೋ ಅನುಮಾನ ಒಂದು ಸರ್ವನಾಮದಲ್ಲಿ ಬಂದುಬಿಟ್ಟಿತು. ಅನುವಾದ ಮಾಡುವಾಗ ಜೋಪಾನ: ಇಲ್ಲಿ ‘ನಮಗೆ’ ಅಂತಲೇ ಇರಲಿ. ಸರ್ವನಾಮ ಬಿಟ್ಟು ‘ತುಂಬಾ ಕಾಟ ಕೊಟ್ಟಿತ್ತು’ ಅಂತ ಬರೆದರೆ ಕನ್ನಡದಲ್ಲಿ ವಾಕ್ಯ ಚೆನ್ನಾಗಿಯೇ ನಿಲ್ಲುತ್ತೆ, ಆದರೆ ಇಡೀ ವಿಷಯ ಮಾಯ ಆಗುತ್ತೆ.

ಇದನ್ನೇ ಅಭಿಮಾನಿಗಳು ಆಮೇಲೆ ‘ಕಾರ್ಟ್‌ಮೆಲ್ ಮಾಸ್ಟರ್‌ಪ್ಲಾನ್’ ಅಂದರು. ಸರಣಿ 1989ರಲ್ಲಿ ನಿಂತು ಹೋದದ್ದರಿಂದ ಪರದೆಯ ಮೇಲೆ ಸುಳಿವುಗಳು ಬಂದವು, ಉತ್ತರ ಬರಲಿಲ್ಲ. ಮಾರ್ಕ್ ಪ್ಲಾಟ್ 1997ರಲ್ಲಿ ‘ಲಂಗ್‌ಬ್ಯಾರೋ’ ಕಾದಂಬರಿಯಲ್ಲಿ ಒಂದಷ್ಟು ಬಿಡಿಸಿ ಹೇಳಿದ. ನನಗೆ ಕೇಳಿದರೆ ಆ ಸರ್ವನಾಮವೇ ಸಾಕಿತ್ತು.

> ಇದೆಲ್ಲ ಹೊಸದೇನಲ್ಲ. ನಮ್ಮಲ್ಲಿ ಪ್ರಕ್ಷಿಪ್ತ ಅನ್ನುತ್ತಾರೆ. ಪಂಪನೂ ಇದನ್ನೇ ಮಾಡಿದ್ದು.

ಎರಡೂ ತಪ್ಪು. ಪ್ರಕ್ಷಿಪ್ತ ಅಂದ್ರೆ ಯಾರೋ ನಡುವೆ ಸೇರಿಸಿ ಮೂಲವೇ ಅನ್ನೋ ಹಾಗೆ ಕೂರಿಸಿದ್ದು. ರೆಟ್‌ಕಾನ್ ಮಾಡುವವನು ಹೆಸರು ಹಾಕಿಕೊಂಡು, ಮುಂದಿನ ಸಂಚಿಕೆಯಲ್ಲಿ, ಎಲ್ಲರ ಕಣ್ಣೆದುರಿಗೆ ಮಾಡ್ತಾನೆ. ಇನ್ನು ಪಂಪ ದ್ರೌಪದಿಯನ್ನು ಅರ್ಜುನ ಒಬ್ಬನಿಗೇ ಮದುವೆ ಮಾಡಿಸಿದ. ಅದು ಬೇರೆ ಕಾವ್ಯ. ವ್ಯಾಸರ ಭಾರತಕ್ಕೆ ಅದನ್ನು ಜೋಡಿಸಿ ‘ಅಲ್ಲಿಯೂ ನಡೆದದ್ದು ಇದೇ’ ಅಂತ ಅವನು ಹೇಳಲಿಲ್ಲ. ರೆಟ್‌ಕಾನ್ ಆಗೋಕೆ ಕತೆ ಒಂದೇ ಇರಬೇಕು, ಮುಂದುವರಿಯುತ್ತಾ ಇರಬೇಕು.

‘ಹಿಂಗತೆ’ ಅಂತ ಸೂಚಿಸಿದವರನ್ನು ಅರಿಸಮಾಸ ಅಂತ ಬೈದಿದ್ದೀರಿ. ಕತೆ ತದ್ಭವ ಸ್ವಾಮಿ, ಅರಿಸಮಾಸದ ಮಾತೇ ಬರಲ್ಲ. ಬೇಡ ಅನ್ನೋಕೆ ಬೇರೆ ಕಾರಣ ಇದೆ, ಅದನ್ನು ಓದಿದವರಿಗೆ ಫ್ಲಾಶ್‌ಬ್ಯಾಕ್ ಅನ್ನಿಸುತ್ತೆ.

ನನ್ನ ಸಲಹೆ: ಹಿಂಬೆಸುಗೆ. ಕ್ರಿಯಾಪದ ಹಿಂಬೆಸೆ.

ರಾಯ್ ಥಾಮಸ್ 1983ರಲ್ಲಿ ತನ್ನ ಕಾಮಿಕ್ಸ್‌ನ ಓದುಗರ ಪತ್ರಗಳ ಪುಟದಲ್ಲಿ ಬಳಸಿದ ಪೂರ್ಣ ರೂಪ ‘ರೆಟ್ರೋಆಕ್ಟಿವ್ ಕಂಟಿನ್ಯೂಟಿ’. ಅದರಲ್ಲಿ ಇರೋದು ಕಂಟಿನ್ಯೂಟಿ, ಅಂದ್ರೆ ಜೋಡಣೆ. ತಿದ್ದುಪಡಿ ಅನ್ನೋ ಮಾತೇ ಅದರಲ್ಲಿ ಇಲ್ಲ. ಬೆಸುಗೆ ಹಾಕಿದಾಗ ಎರಡು ತುಂಡೂ ಹಾಗೇ ಉಳಿಯುತ್ತವೆ, ಆದರೆ ಪಾತ್ರೆ ಒಂದಾಗುತ್ತೆ. ಬಕಾರ ಮೊದಲೇ ಇರೋದರಿಂದ ಸಂಧಿ ಜಗಳವೂ ಇಲ್ಲ, ಹಿಂಬದಿ, ಹಿಂಬರಹದ ಸಾಲಿಗೆ ನೇರ ಸೇರುತ್ತೆ. ಎಲ್ಲಕ್ಕಿಂತ ಮುಖ್ಯ, ಬೆಸುಗೆಯ ಜೊತೆ ಅದರ ನುಡಿಗಟ್ಟುಗಳೂ ಬರುತ್ತವೆ. 2020ರ ‘ದ ಟೈಮ್‌ಲೆಸ್ ಚಿಲ್ಡ್ರನ್’ ಕಂತಿನಲ್ಲಿ ಡಾಕ್ಟರ್ ಟೈಮ್ ಲಾರ್ಡ್‌ಗಳ ಗ್ರಹವಾದ ಗ್ಯಾಲಿಫ್ರೇಯಲ್ಲಿ ಹುಟ್ಟಿದವಳೇ ಅಲ್ಲ, ಮೊದಲ ಡಾಕ್ಟರ್‌ಗಿಂತ ಹಿಂದೆಯೂ ಎಷ್ಟೋ ಜನ್ಮ ಇದ್ದವು ಅಂದಾಗ ಅಭಿಮಾನಿಗಳು ಎರಡು ಪಾಲಾದರು. 1976ರ ‘ದ ಬ್ರೇನ್ ಆಫ್ ಮಾರ್ಬಿಯಸ್’ನಲ್ಲಿ ಕಂಡ ಅಪರಿಚಿತ ಮುಖಗಳನ್ನು ಕಂತು ಬರೆದವರು ಅದಕ್ಕೆ ಆಧಾರ ಮಾಡಿಕೊಂಡಿದ್ದರು. ಒಂದು ಕಡೆಯವರು ‘ಬೆಸುಗೆ ಕೂತಿದೆ’ ಅನ್ನಬಹುದು, ಇನ್ನೊಂದು ಕಡೆಯವರು ‘ಬೆಸುಗೆ ಬಿಟ್ಟಿದೆ’ ಅನ್ನಬಹುದು. ನನ್ನ ಮಟ್ಟಿಗೆ ಬಿಟ್ಟಿದೆ. 1988ರಲ್ಲಿ ಗುಟ್ಟು ಹೆಚ್ಚಾಯಿತು, 2020ರಲ್ಲಿ ಗುಟ್ಟಿಗೆ ವಿವರಣೆ ಬಂದು ಡಾಕ್ಟರ್ ಸಣ್ಣವಳಾದಳು. ‘ಹಿಂತಿದ್ದು’ ಇಟ್ಟುಕೊಂಡು ಈ ಮಾತು ಹೇಳಿ ನೋಡೋಣ.

> ರೆಟ್‌ಕಾನ್ ಅಂತಲೇ ಬಿಡಿ. ಕಾಮಿಕ್ಸ್ ಓದುವವರಿಗೆ ಅದೇ ಗೊತ್ತು. ಈ ಶುದ್ಧಿ ಚಳವಳಿ ಸಾಕು.

ಎರವಲಿಗೆ ನನ್ನ ತಕರಾರಿಲ್ಲ. ಹಿಂಬಾಕಿಯಲ್ಲಿ ಬಾಕಿ ನಮ್ಮದಲ್ಲ, ಹಿಂಬಡ್ತಿಯಲ್ಲಿ ಬಡ್ತಿ ನಮ್ಮದಲ್ಲ, ಎರಡೂ ಕಚೇರಿಯಲ್ಲಿ ಆರಾಮಾಗಿ ನಡೀತಿವೆ. ಡಾಲೆಕ್, ಟೈಮ್ ಲಾರ್ಡ್ ಎಲ್ಲ ಹಾಗೇ ಇರಲಿ. ಟೈಮ್ ಲಾರ್ಡ್‌ಗೆ ‘ಕಾಲಪ್ರಭು’ ಅಂತ ಬರೆದರೆ ನಾನೇ ಮೊದಲು ಬೈಯೋದು. ಆದರೆ ರೆಟ್‌ಕಾನ್ ಹೆಸರಲ್ಲ, ಒಂದು ಕೆಲಸ. ಕೆಲಸಕ್ಕೆ ಎರವಲು ತಂದಾಗೆಲ್ಲ ‘ಮಾಡು’ ಹಚ್ಚಬೇಕು: ರೆಟ್‌ಕಾನ್ ಮಾಡಿದರು, ರೆಟ್‌ಕಾನ್ ಮಾಡಲಾಯಿತು, ರೆಟ್‌ಕಾನ್ ಮಾಡಲಾಗದ. ಪುಟಕ್ಕೆ ಎರಡು ಸಲ ಇದು ಬಂದರೆ ಓದೋಕೆ ಆಗಲ್ಲ. ಅದಕ್ಕಿಂತ ಜಾಸ್ತಿ, ಕನ್ನಡ ಧಾರಾವಾಹಿ ನೋಡುವವರಿಗೂ ಈ ಪದ ಬೇಕು. ಸತ್ತ ಗಂಡ ಮುನ್ನೂರು ಕಂತು ಆದಮೇಲೆ ಬಾಗಿಲಲ್ಲಿ ಬಂದು ನಿಲ್ಲೋದನ್ನು ನೋಡಿ ಅವರು ದಿನಾ ಚರ್ಚೆ ಮಾಡ್ತಾರೆ, ಅವರ ಕೈಗೆ ರೆಟ್‌ಕಾನ್ ಕೊಟ್ಟರೆ ಏನು ಪ್ರಯೋಜನ?

ಹಾಗಾಗಿ ಅನುವಾದಕರಿಗೆ: ಮೊದಲ ಸಲ ಬಂದಾಗ ‘ಹಳೆಯ ಕಂತುಗಳನ್ನು ಮುಟ್ಟದೆ ಅವುಗಳ ಅರ್ಥ ಬದಲಾಗುವ ಹಾಗೆ ಹಿಂದಕ್ಕೆ ಬೆಸೆಯುವುದು, ಅಂದರೆ ಹಿಂಬೆಸುಗೆ’ ಅಂತ ಬರೆಯಿರಿ. ಆಮೇಲೆ ಧೈರ್ಯವಾಗಿ ಬಳಸಿ. ‘ಆರನೋವಿಚ್ 1988ರ ಕತೆಯನ್ನು 1963ರ ಕಂತಿಗೆ ಹಿಂಬೆಸೆದ’ ಅನ್ನೋದು ಸರಿಯಾಗಿ ನಿಲ್ಲುತ್ತೆ.

ಇನ್ನೆರಡು ವಿಷಯ, ಅವಸರದಲ್ಲಿ ಬಿಟ್ಟುಹೋಗಬಾರದು. ನೀವು ಕಳಿಸಿದ ತುಣುಕಿನಲ್ಲಿ ಮೂರ್‌ನನ್ನು ‘ಚಿತ್ರಕಥೆಗಾರ’ ಅಂದಿದ್ದೀರಿ. ಕಾಮಿಕ್ಸ್‌ಗೆ ಚಿತ್ರಕಥೆ ಅನ್ನೋ ಬಳಕೆ ಇದೆ ನಿಜ, ಆದರೆ ‘ಕಥೆ, ಚಿತ್ರಕಥೆ, ಸಂಭಾಷಣೆ’ ಅಂತ ಟೈಟಲ್ ಕಾರ್ಡ್ ನೋಡಿ ಬೆಳೆದ ಓದುಗರು ಅವನೇ ಟಿವಿಗೆ ಸ್ಕ್ರಿಪ್ಟ್ ಬರೆದ ಅಂದುಕೊಳ್ಳುತ್ತಾರೆ. ಲೇಖನದ ವಾದವೇ ತಲೆಕೆಳಗಾಗುತ್ತೆ. ‘ಕಾಮಿಕ್ಸ್ ಬರಹಗಾರ’ ಅಂತಲೇ ಹಾಕಿ.

ಎರಡನೆಯದು, ಮೂರ್‌ಗೂ ಡಾಕ್ಟರ್ ಹೂಗೂ ನೇರ ಸಂಬಂಧವೇ ಇರಲಿಲ್ಲ ಅನ್ನೋ ಹಾಗೆ ಇರುವ ಸಾಲು ಮೂಲದಲ್ಲೇ ಇದ್ದರೆ ಸಂಪಾದಕರಿಗೆ ಹೇಳಿ. 1980, 81ರಲ್ಲಿ ಡಾಕ್ಟರ್ ಹೂ ಪತ್ರಿಕೆಯ ಹಿಂಬದಿಯ ಪುಟಗಳಿಗೆ ಮೂರ್ ಐದು ಚಿಕ್ಕ ಕಾಮಿಕ್ಸ್ ಬರೆದಿದ್ದಾನೆ, ‘4-ಡಿ ವಾರ್’ ಅವುಗಳಲ್ಲಿ ಒಂದು. ಅದರಲ್ಲಿ ಟೈಮ್ ಲಾರ್ಡ್‌ಗಳ ಮೇಲೆ ದಾಳಿ ಮಾಡುವ ಶತ್ರು ಭವಿಷ್ಯದಿಂದ ಬರ್ತಾನೆ, ಯುದ್ಧಕ್ಕೆ ಕಾರಣ ಇನ್ನೂ ಹುಟ್ಟಿಯೇ ಇಲ್ಲ. 2005ರಲ್ಲಿ ರಸೆಲ್ ಟಿ. ಡೇವೀಸ್ ಸರಣಿಯನ್ನು ಮತ್ತೆ ಶುರು ಮಾಡಿದಾಗ ತಂದ ‘ಟೈಮ್ ವಾರ್’ ಅನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡದೆ ಮೂರ್ ಪ್ರಭಾವದ ಲೇಖನ ಮುಗಿಸೋಕಾಗಲ್ಲ. ಪುಟ ಕಟ್ಟುವ ಮೊದಲು ಒಂದು ಸಾಲಿಗೆ ಜಾಗ ಕೇಳಿ.